ಎಲ್ ಬೋರ್ಡಿಗೆ ಕಾರು ಕೊಡುವವರು ಯಾರು? ದಂಡಿನಿಂದ ಕೆ.ಆರ್. ಪುರದವರೆಗೆ ಒಂದು ಹಳೇ ಲೆಕ್ಕ

ಸೈಕಲ್ ಕಲಿಯೋಕೆ ಸ್ವಂತ ಸೈಕಲ್ ಬೇಕಿರಲಿಲ್ಲ. ಪೇಟೆಯಲ್ಲಿ ಒಂದು ಸೈಕಲ್ ಶಾಪ್ ಇದ್ದರೆ ಸಾಕಿತ್ತು. ಪುಸ್ತಕದಲ್ಲಿ ಅಪ್ಪನ ಹೆಸರು, ಹೊರಟ ಹೊತ್ತು ಬರೆಸಿ, ಗಂಟೆ ಲೆಕ್ಕದ ಬಾಡಿಗೆಗೆ ತಂದು, ಒಳಪೆಡಲು ಹೊಡೆದು, ಮೊಣಕಾಲು ತರಚಿಕೊಂಡು ಕಲಿತವರು ನಮ್ಮೂರುಗಳ ತುಂಬ ಇದ್ದಾರೆ. ಬೀಳುವುದಕ್ಕೂ ಬಾಡಿಗೆ ಕೊಟ್ಟು ಕಲಿತ ಕಾಲ ಅದು.

ಕಾರಿನ ವಿಷಯದಲ್ಲಿ ಹಾಗಿಲ್ಲ. ಇವತ್ತು ಬೆಂಗಳೂರಿನ ಇಂದಿರಾನಗರದಲ್ಲಿ ನಿಂತು ಮೊಬೈಲ್ ಒತ್ತಿದರೆ ಡ್ರೈವರ್ ಇಲ್ಲದ ಬಾಡಿಗೆ ಕಾರು ಸಿಗುತ್ತದೆ. ಆದರೆ ಕೈಯಲ್ಲಿ ಬರೀ ಎಲ್‌ಎಲ್‌ಆರ್ ಇದ್ದರೆ ಸಿಗುವುದಿಲ್ಲ. ಓಡಿಸಲು ಬಂದವರಿಗೆ ಬಾಡಿಗೆ ಕಾರು ಉಂಟು, ಕಲಿಯಬೇಕಾದವರಿಗೆ ಇಲ್ಲ.

ಹಾಗಾದರೆ ಮನೆಯಲ್ಲಿ ಕಾರಿಲ್ಲದವರು ಕಾರು ಕಲಿತದ್ದು ಹೇಗೆ? ಇದಕ್ಕೆ ಉತ್ತರ ಹುಡುಕಲು ಬೆಂಗಳೂರಿನ ಪೂರ್ವ ಭಾಗ ಒಳ್ಳೆಯ ಜಾಗ. ಶಿವಾಜಿನಗರ, ಹಲಸೂರು, ಇಂದಿರಾನಗರ, ಕೆ.ಆರ್. ಪುರ. ಕೋಲಾರ, ಮುಳಬಾಗಿಲು, ಹೊಸಕೋಟೆ ಕಡೆಯಿಂದ ಹಳೇ ಮದ್ರಾಸ್ ರಸ್ತೆ ಹಿಡಿದು ಡ್ರೈವರ್ ಕೆಲಸ ಹುಡುಕಿಕೊಂಡು ಬರುವ ಹುಡುಗರಿಗೆ ಮೊದಲು ಸಿಗುವ ಬೆಂಗಳೂರು ಇದೇ.

ಜಟಕಾ ಹೋಯಿತು, ಶೋಫರ್ ಬಂದ

1799ರಲ್ಲಿ ಟಿಪ್ಪು ಮಡಿದ ಮೇಲೆ ಬ್ರಿಟಿಷರ ಸೈನ್ಯ ಶ್ರೀರಂಗಪಟ್ಟಣದಲ್ಲಿ ತಂಗಿತ್ತು. ಅಲ್ಲಿನ ಮಲೇರಿಯಾ ತಡೆಯಲಾರದೆ ಹಲಸೂರಿನ ಆಸುಪಾಸಿಗೆ ಬಂತು. 1809ರ ಹೊತ್ತಿಗೆ ದಂಡು ಇಲ್ಲಿ ನೆಲೆಯಾಯಿತು. 1881ರಲ್ಲಿ ಮೈಸೂರು ಸಂಸ್ಥಾನ ಒಡೆಯರ ಕೈಗೆ ಮರಳಿದರೂ ದಂಡಿನ ಪ್ರದೇಶವನ್ನು ಬ್ರಿಟಿಷರು ತಮ್ಮಲ್ಲೇ ಇಟ್ಟುಕೊಂಡರು. ಪೇಟೆಯ ಬೆಂಗಳೂರು ಮಹಾರಾಜರದು, ದಂಡು ಬ್ರಿಟಿಷರದು. ಅದು ಮೈಸೂರಿಗೆ ವಾಪಸ್ ಬಂದದ್ದು 1947ರ ಜುಲೈ 26ರಂದು. ಎರಡೂ ಸೇರಿ ಒಂದೇ ಕಾರ್ಪೊರೇಷನ್ ಆದದ್ದು 1949ರಲ್ಲಿ.

ದಂಡು ಅಂದರೆ ಅಧಿಕಾರಿಗಳು, ಬಂಗಲೆಗಳು, ಅಗಲವಾದ ರಸ್ತೆಗಳು. 1864ರಲ್ಲಿ ಜೋಲಾರಪೇಟೆಯಿಂದ ದಂಡು ಸ್ಟೇಷನ್ನಿಗೆ ರೈಲು ಬಂತು. ಇಳಿದವರನ್ನು ಮನೆ ಮುಟ್ಟಿಸಲು ಜಟಕಾ ಬೇಕಿತ್ತು. ಜಟಕಾ ಕಲಿಯುವುದಕ್ಕೆ ಶಾಲೆ ಇರಲಿಲ್ಲ. ಕುದುರೆ ಇದ್ದ ಮನೆಯ ಮಗ ಅಪ್ಪನ ಪಕ್ಕ ಕೂತು ಲಗಾಮು ಹಿಡಿಯುತ್ತಿದ್ದ, ಅಷ್ಟೆ.

ಮೋಟಾರು ಕಾರು ಬಂದಾಗ ಈ ಲೆಕ್ಕ ತಪ್ಪಿತು. ಕಾರು ದೊರೆಗಳದು, ಓಡಿಸಬೇಕಾದವನು ಬೇರೆಯವನು. ಅವನಿಗೆ ಶೋಫರ್ ಅಂತ ಹೆಸರು ಬಂತು. ಫ್ರೆಂಚ್ ಭಾಷೆಯಲ್ಲಿ ಆ ಮಾತಿನ ಅರ್ಥ ಬೆಂಕಿ ಕಾಯಿಸುವವನು. ಹಬೆ ಯಂತ್ರದ ಒಲೆ ನೋಡಿಕೊಳ್ಳುವವನ ಹೆಸರು ಪೆಟ್ರೋಲ್ ಕಾರಿನವನಿಗೂ ಅಂಟಿಕೊಂಡಿತು. ಬ್ರಿಟಿಷ್ ಇಂಡಿಯಾದಲ್ಲಿ 1914ರ ಮೋಟಾರು ವಾಹನ ಕಾಯ್ದೆ ಗಾಡಿಗೆ ನೋಂದಣಿ, ಓಡಿಸುವವನಿಗೆ ಲೈಸೆನ್ಸ್ ಅಂತ ಎರಡನ್ನೂ ಕೇಳಿತು. ಆದರೆ ಲೈಸೆನ್ಸ್ ಬೇಕೆಂದರೆ ಮೊದಲು ಕಲಿಯಬೇಕು, ಕಲಿಯಬೇಕೆಂದರೆ ಕಾರು ಬೇಕು, ಕಾರು ಇದ್ದದ್ದು ಧಣಿಯ ಹತ್ತಿರ. ಧಣಿ ಮನಸ್ಸು ಮಾಡಿದರೆ ಉಂಟು.

ಸಂಬಳ ಕೊಟ್ಟು ಕಲಿಸಿದ ಶಾಲೆ

ಬಡವರ ಮಕ್ಕಳಿಗೆ ಸ್ಟಿಯರಿಂಗ್ ಸಿಕ್ಕಿದ ಒಂದು ದೊಡ್ಡ ದಾರಿ ಸೈನ್ಯ. ಎರಡು ಮಹಾಯುದ್ಧಗಳ ನಡುವೆ ಸೈನ್ಯದ ಸಾಗಾಟ ಹೇಸರಗತ್ತೆ, ಎತ್ತಿನ ಗಾಡಿಗಳಿಂದ ಲಾರಿಗೆ ಬದಲಾಯಿತು. ಲಾರಿ ತಂದರೆ ಸಾಲದು, ಓಡಿಸುವವರೂ ಬೇಕು. ಎರಡನೇ ಮಹಾಯುದ್ಧದಲ್ಲಿ ಬೆಂಗಳೂರು ದೊಡ್ಡ ಸೈನಿಕ ನೆಲೆಯಾಗಿತ್ತು.

ಇವತ್ತಿಗೂ ಹಲಸೂರು ಕೆರೆಯ ದಡದಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪ್ ಇದೆ. ಅಗರಂ ಕಡೆ ಆರ್ಮಿ ಸರ್ವಿಸ್ ಕೋರ್‌ನ ಕೇಂದ್ರ ಇದೆ. ಊರಿನಿಂದ ಬಂದ ರಂಗರೂಟರಿಗೆ ಅಲ್ಲಿ ಸೈನ್ಯದ ಗಾಡಿ ಓಡಿಸುವುದನ್ನು ಕಲಿಸುತ್ತಾರೆ. ಗಾಡಿ ಸರ್ಕಾರದ್ದು, ಪೆಟ್ರೋಲ್ ಸರ್ಕಾರದ್ದು, ಮೇಲೆ ಸಂಬಳ. ಕಲಿಯುವವನೇ ಸಂಬಳ ತೆಗೆದುಕೊಂಡು ಕಲಿತ ಡ್ರೈವಿಂಗ್ ಶಾಲೆ ಇನ್ನೊಂದಿಲ್ಲ. ಅದಕ್ಕೂ ಬಾಡಿಗೆ ಇತ್ತು ಅನ್ನಿ. ಆಯಸ್ಸಿನ ಒಳ್ಳೆಯ ವರ್ಷಗಳು, ಬೇಕಾದರೆ ಜೀವ.

ಕ್ಲೀನರ್ ಎಂಬ ಪದವಿ

ಸೈನ್ಯಕ್ಕೆ ಹೋಗದವರಿಗೆ ಇನ್ನೊಂದು ದಾರಿ ಇತ್ತು, ಅದು ಕ್ಲೀನರ್ ಕೆಲಸ. ನಮ್ಮ ತಾಲ್ಲೂಕುಗಳ ಹಳೇ ಡ್ರೈವರುಗಳನ್ನು ಕೇಳಿ ನೋಡಿ. ಬಹಳ ಮಂದಿ ಅಲ್ಲಿಂದಲೇ ಬಂದವರು. ಗಾಡಿ ತೊಳೆಯುವುದು, ರೇಡಿಯೇಟರಿಗೆ ನೀರು ಹಾಕುವುದು, ಟೈರಿಗೆ ಕಲ್ಲು ಕೊಡುವುದು, ಹಿಂದೆ ನಿಂತು ‘ಬರ್ಲಿ ಬರ್ಲಿ, ಹೋಲ್ಡಾನ್’ ಅನ್ನುವುದು. ಒಂದೆರಡು ವರ್ಷ ಕಳೆದ ಮೇಲೆ ಯಾವುದೋ ರಾತ್ರಿ, ಖಾಲಿ ರಸ್ತೆಯಲ್ಲಿ ಡ್ರೈವರಣ್ಣ ಸೀಟು ಬಿಟ್ಟುಕೊಡುತ್ತಿದ್ದ. ಬೈಗುಳವೇ ಪಾಠ.

ಶಿವಾಜಿನಗರದಲ್ಲಿ ಇದಕ್ಕೆ ಇನ್ನೊಂದು ರೂಪವಿತ್ತು. 1927ರಲ್ಲಿ ಕಟ್ಟಿದ ರಸೆಲ್ ಮಾರುಕಟ್ಟೆಯ ಸುತ್ತಿನ ಗಲ್ಲಿಗಳು ಹಳೇ ಗಾಡಿಗಳ ಗುಜರಿಗೆ ಹೆಸರಾದವು. ಕಾರು ಬಿಚ್ಚುವ, ಜೋಡಿಸುವ, ಎಂಜಿನ್ ಮಾರುವ ಅಂಗಡಿಗಳು. ಅಂಥ ಕಡೆ ಸ್ಪ್ಯಾನರ್ ಹಿಡಿದುಕೊಡುವ ಹುಡುಗನ ಮೊದಲ ಡ್ರೈವಿಂಗ್ ಅಂದರೆ ಗಾಡಿಯನ್ನು ಶೆಡ್ಡಿನಿಂದ ರಸ್ತೆಗೆ, ರಸ್ತೆಯಿಂದ ಶೆಡ್ಡಿಗೆ ಸರಿಸುವುದು. ಹತ್ತಡಿ ಮುಂದೆ, ಹತ್ತಡಿ ಹಿಂದೆ. ಗೇರಿನ ಒಳಗೆ ಏನಿದೆ ಅಂತ ನೋಡಿಯೇ ಗೇರು ಹಾಕಲು ಕಲಿತವರು ಅವರು.

ಈ ದಾರಿಯಲ್ಲಿ ದುಡ್ಡಿನ ಬಾಡಿಗೆ ಇರಲಿಲ್ಲ, ದುಡಿಮೆಯೇ ಬಾಡಿಗೆ. ಆದರೆ ಕಾಗದ ಇರಲಿಲ್ಲ. ಕೈಯಲ್ಲಿ ವಿದ್ಯೆ ಇತ್ತು, ಜೇಬಿನಲ್ಲಿ ಲೈಸೆನ್ಸ್ ಇರಲಿಲ್ಲ. ಅಪಘಾತವಾದರೆ ಮೊದಲು ಓಡಿಹೋಗಬೇಕಾದವನು ಅವನೇ. ಹೆಣ್ಣುಮಕ್ಕಳಿಗಂತೂ ಸೈನ್ಯದ ಲಾರಿಯ ಬಾಗಿಲೂ ಮುಚ್ಚಿತ್ತು, ಕ್ಲೀನರ್ ಬಾಗಿಲೂ ಮುಚ್ಚಿತ್ತು.

1989: ಒಂದೇ ವರ್ಷ, ಎರಡು ಬಾಗಿಲು

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಸಣ್ಣ ಕಾರು, ಹಗುರ ಸ್ಟಿಯರಿಂಗ್. ಡ್ರೈವಿಂಗ್ ಸ್ಕೂಲುಗಳಿಗೆ ಹೇಳಿ ಮಾಡಿಸಿದಂತಿತ್ತು. ನಂತರ 1988ರ ಮೋಟಾರು ವಾಹನ ಕಾಯ್ದೆ ಬಂದು, 1989ರ ಜುಲೈ 1ರಿಂದ ಜಾರಿಯಾಯಿತು. ಇವತ್ತು ನಾವು ಎಲ್‌ಎಲ್‌ಆರ್, ಡಿಎಲ್ ಅನ್ನುವುದೆಲ್ಲ ಇದರ ಅಡಿಯಲ್ಲೇ.

ಕಲಿಯುವವನಿಗೆ ಅದರ ನಿಯಮ ಸರಳ. 18 ತುಂಬಿರಬೇಕು. ಎಲ್‌ಎಲ್‌ಆರ್ 6 ತಿಂಗಳು ನಡೆಯುತ್ತದೆ, ಸಿಕ್ಕ 30 ದಿನ ಆದ ಮೇಲೆ ಡಿಎಲ್ ಪರೀಕ್ಷೆ. ಅಲ್ಲಿಯವರೆಗೆ ಪಕ್ಕದಲ್ಲಿ ಲೈಸೆನ್ಸ್ ಇರುವವರು ಕೂತಿರಲೇಬೇಕು, ಅದೂ ಗಾಡಿ ನಿಲ್ಲಿಸಲು ಕೈಗೆಟುಕುವ ಹಾಗೆ. ಗಾಡಿಯ ಹಿಂದೆ ಮುಂದೆ ಬಿಳಿ ಹಲಗೆಯ ಮೇಲೆ ಕೆಂಪು ಎಲ್. ಹಲಗೆ 18 ಸೆಂಟಿಮೀಟರ್ ಚೌಕಕ್ಕೆ ಕಡಿಮೆ ಇರಬಾರದು, ಅಕ್ಷರ 10 ಸೆಂಟಿಮೀಟರ್ ಎತ್ತರ ಇರಬೇಕು. ಬ್ರಿಟನ್ನಿನಲ್ಲಿ 1935ರಲ್ಲಿ ಡ್ರೈವಿಂಗ್ ಪರೀಕ್ಷೆ ಕಡ್ಡಾಯವಾದಾಗ ಬಂದ ಕೆಂಪು ಎಲ್ ಅದು, ದಂಡಿನ ರಸ್ತೆಗೂ ನಮ್ಮೂರ ರಸ್ತೆಗೂ ಹಾಗೇ ಬಂತು.

ಅದೇ 1989ರಲ್ಲಿ ಕೇಂದ್ರ ಸರ್ಕಾರ ‘ರೆಂಟ್ ಎ ಕ್ಯಾಬ್’ ಯೋಜನೆಯನ್ನೂ ತಂದಿತು. ಡ್ರೈವರ್ ಇಲ್ಲದೆ ಕಾರನ್ನೇ ಬಾಡಿಗೆಗೆ ಕೊಡುವ ವ್ಯಾಪಾರಕ್ಕೆ ಲೈಸೆನ್ಸ್ ಇದು. ಕನಿಷ್ಠ 50 ಕಾರು ಇರುವವರಿಗೆ ಮಾತ್ರ. ಈ ಕಾರುಗಳಿಗೆ ಕಪ್ಪು ನಂಬರ್ ಪ್ಲೇಟ್, ಹಳದಿ ಅಕ್ಷರ. ಬಾಡಿಗೆ ವಾಹನ ಓಡಿಸಲು ಬೇರೆ ಅನುಮತಿ ಬೇಕು ಅಂತ ಹೇಳುವ ಕಾಯ್ದೆಯೇ, ಸ್ವಂತಕ್ಕೆ ಕಾರು ಬಾಡಿಗೆ ಪಡೆದವನಿಗೆ ವಿನಾಯಿತಿ ಕೊಟ್ಟಿತು. ಸಾಮಾನ್ಯ ಡಿಎಲ್ ಸಾಕು.

ಹೀಗೆ ಒಂದೇ ವರ್ಷದಲ್ಲಿ ಎರಡು ಬಾಗಿಲು ತೆರೆದವು. ಡಿಎಲ್ ಇದ್ದವನಿಗೆ ಕಪ್ಪು ಬೋರ್ಡಿನ ಬಾಗಿಲು. ಕಲಿಯುವವನಿಗೆ ಡ್ರೈವಿಂಗ್ ಸ್ಕೂಲಿನ ಬಾಗಿಲು. ಸ್ಕೂಲಿನ ಕಾರಿಗೆ ಎರಡನೇ ಬ್ರೇಕು, ಕ್ಲಚ್ಚು ಇರಬೇಕು. ಕಾರು ಕಲಿಸುವುದು ಕನಿಷ್ಠ 21 ದಿನ, ಅದರಲ್ಲಿ ಸ್ಟಿಯರಿಂಗ್ ಹಿಡಿದು ಓಡಿಸಿದ್ದು ಕನಿಷ್ಠ 10 ಗಂಟೆ ಇರಬೇಕು ಅಂತ ನಿಯಮ ಹೇಳುತ್ತದೆ. ಯೋಚಿಸಿ ನೋಡಿದರೆ ಎಲ್‌ಎಲ್‌ಆರ್ ಇದ್ದವನಿಗೆ ಕಾನೂನು ತೋರಿಸಿದ ಬಾಡಿಗೆ ಕಾರು ಇದೊಂದೇ. ಸೈಕಲ್ ಶಾಪಿನ ಹಾಗೆ ಗಂಟೆ ಲೆಕ್ಕದ ಬಾಡಿಗೆ, ಬೀಳದ ಹಾಗೆ ಹಿಡಿಯಲು ಪಕ್ಕದಲ್ಲಿ ಒಬ್ಬರು. ಸೈನ್ಯವೂ ಕ್ಲೀನರ್ ಕೆಲಸವೂ ಕೊಡದ ಅವಕಾಶವನ್ನು ಹೆಣ್ಣುಮಕ್ಕಳಿಗೆ ಕೊಟ್ಟದ್ದೂ ಈ ಕಾರೇ.

ಆ್ಯಪ್ ಬಂದ ಮೇಲೆ

ಪೂರ್ವ ಬೆಂಗಳೂರಿನಲ್ಲಿ ಬಾಡಿಗೆ ಕಾರಿಗೆ ಮೊದಲಿನಿಂದಲೂ ಕೆಲಸವಿತ್ತು. 2008ರ ಮೇ ತಿಂಗಳವರೆಗೆ ವಿಮಾನ ನಿಲ್ದಾಣ ಎಚ್‌ಎಎಲ್‌ನಲ್ಲೇ ಇತ್ತು. ವೈಟ್‌ಫೀಲ್ಡ್ ಕಡೆ ಐಟಿ ಕಂಪನಿಗಳು ಬೆಳೆದವು. ರಾತ್ರಿ ಪಾಳಿಯವರನ್ನು ಬಿಡಲು ಸುಮೋ, ಇಂಡಿಕಾಗಳ ಸಾಲು.

2013ರಲ್ಲಿ ಮೂರು ಸಂಗತಿ ಒಂದಕ್ಕೊಂದು ತಗುಲಿಕೊಂಡವು. ಜೂಮ್‌ಕಾರ್ ಬೆಂಗಳೂರಿನಲ್ಲೇ 7 ಕಾರುಗಳಿಂದ ಸ್ವಂತ ಚಾಲನೆಯ ಬಾಡಿಗೆ ಶುರು ಮಾಡಿತು. ಊಬರ್ ಭಾರತದಲ್ಲಿ ಮೊದಲು ಕಾಲಿಟ್ಟದ್ದೂ ಬೆಂಗಳೂರಿಗೇ. ಮುಂಬೈಯಲ್ಲಿ ಹುಟ್ಟಿದ್ದ ಓಲಾ ಇಲ್ಲಿ ಬೇರುಬಿಟ್ಟಿತು. ಮುಂದೆ ಕಾರಿಲ್ಲದ ಡ್ರೈವರಿಗೆ ಕಾರನ್ನು ಲೀಸಿಗೆ ಕೊಡುವ ಪದ್ಧತಿ ಬಂತು. ಮೊದಲು ಡಿಪಾಸಿಟ್, ಆಮೇಲೆ ದಿನದ ಬಾಡಿಗೆ.

ಇಲ್ಲಿ ಹಳೇ ಲೆಕ್ಕ ತಲೆಕೆಳಗಾಯಿತು. ಮೊದಲು ವರ್ಷಗಟ್ಟಲೆ ದುಡಿದು ಸ್ಟಿಯರಿಂಗ್ ಮುಟ್ಟುತ್ತಿದ್ದ ಹುಡುಗ ಈಗ ಡಿಎಲ್ ಹಿಡಿದು ಬಂದು, ಲೀಸಿಗೆ ತೆಗೆದುಕೊಂಡ ಹಳದಿ ಬೋರ್ಡಿನ ಕಾರಿನಲ್ಲಿ ಕೂರಬಹುದು. ಓಡಿಸಿದರೂ ಓಡಿಸದಿದ್ದರೂ ದಿನದ ಬಾಡಿಗೆ ನಿಲ್ಲುವುದಿಲ್ಲ. 2017ರ ಫೆಬ್ರವರಿಯಲ್ಲಿ ಬೆಂಗಳೂರಿನ ಆ್ಯಪ್ ಟ್ಯಾಕ್ಸಿ ಚಾಲಕರು ಮುಷ್ಕರ ಮಾಡಿದಾಗ ಮುಖ್ಯ ತಕರಾರು ಇದೇ ಆಗಿತ್ತು. ಕಂಪನಿ ಕೊಡುತ್ತಿದ್ದ ಪ್ರೋತ್ಸಾಹ ಧನ ಇಳಿಯಿತು, ಕಟ್ಟಬೇಕಾದ್ದು ಇಳಿಯಲಿಲ್ಲ.

ಕಾಗದದ ಕಡೆಯಿಂದ ದಾರಿ ಸ್ವಲ್ಪ ಸಲೀಸಾಗಿದೆ. ಬಾಡಿಗೆ ವಾಹನದ ಲೈಸೆನ್ಸಿಗೆ 2007ರಿಂದ 8ನೇ ತರಗತಿ ಪಾಸಾಗಿರಬೇಕಿತ್ತು. ಕೈಯಲ್ಲಿ ವಿದ್ಯೆ ಇದ್ದೂ ಶಾಲೆ ಬಿಟ್ಟಿದ್ದ ಕ್ಲೀನರ್ ಹುಡುಗರು ಅಲ್ಲೇ ನಿಂತರು. 2019ರಲ್ಲಿ ಅದನ್ನು ತೆಗೆದರು. ಸಾಮಾನ್ಯ ಕಾರು ಲೈಸೆನ್ಸ್ ಇದ್ದವರು 7,500 ಕೆಜಿ ಒಳಗಿನ ಬಾಡಿಗೆ ವಾಹನವನ್ನೂ ಓಡಿಸಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2024ರ ನವೆಂಬರಿನಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಅದನ್ನೇ ಎತ್ತಿಹಿಡಿಯಿತು.

ಊರಿಗೆ ಬರುವ ವೈಟ್ ಬೋರ್ಡ್

ಈಗ ನಮ್ಮ ಕಡೆಯ ಮಾತು. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಹುಡುಗ ಹಬ್ಬಕ್ಕೆ ಬರುವಾಗ ಪರಿಚಯದವರ ವೈಟ್ ಬೋರ್ಡ್ ಕಾರನ್ನು ದಿನಕ್ಕಿಷ್ಟು ಅಂತ ಕೊಟ್ಟು ತರುತ್ತಾನೆ. ಊರಲ್ಲಿ ಎಲ್‌ಎಲ್‌ಆರ್ ಇರುವ ತಮ್ಮ, ‘ಅಣ್ಣಾ, ಕೆರೆ ಏರಿವರೆಗೂ ನಾನೇ ಓಡಿಸ್ತೀನಿ ಕೊಡೋ’ ಅನ್ನುತ್ತಾನೆ. ನಾವೆಲ್ಲ ನೋಡಿರುವ ದೃಶ್ಯ ಇದು.

ಇದರಲ್ಲಿ ತೊಡಕು ಎರಡು. ಸ್ವಂತ ಬಳಕೆಯ ಕಾರಿನ ಪಾಲಿಸಿಯಲ್ಲೇ ಬಾಡಿಗೆ ಬಳಕೆಗೆ ವಿಮೆ ಇಲ್ಲ ಅಂತ ಬರೆದಿರುತ್ತದೆ. ಎರಡನೆಯದು ಎಲ್‌ಎಲ್‌ಆರ್. ಅದೂ ಲೈಸೆನ್ಸೇ, ಅದೊಂದೇ ಕಾರಣ ಹೇಳಿ ವಿಮಾ ಕಂಪನಿ ಗಾಯಗೊಂಡವರ ಪರಿಹಾರದಿಂದ ಜಾರಿಕೊಳ್ಳುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2004ರಲ್ಲೇ ಹೇಳಿದೆ. ಆದರೆ ಷರತ್ತು ಮುರಿದದ್ದು ಸಾಬೀತಾದರೆ, ಕಂಪನಿ ಕೊಟ್ಟ ಹಣವನ್ನು ಕಾರಿನ ಮಾಲೀಕನಿಂದ ವಸೂಲಿ ಮಾಡಲು ದಾರಿ ಇದೆ. ಎಲ್ ಬೋರ್ಡ್ ಇಲ್ಲ, ಪಕ್ಕದಲ್ಲಿ ಡಿಎಲ್ ಇದ್ದವರಿಲ್ಲ, ಕಾರು ಬಾಡಿಗೆಯದು ಅಂದರೆ ಆ ದಾರಿ ಇನ್ನೂ ಅಗಲ. ತಮ್ಮನಿಗೆ 18 ಆಗಿಲ್ಲದಿದ್ದರೆ 2019ರ ತಿದ್ದುಪಡಿ ಪ್ರಕಾರ ಪೋಷಕರು ಅಥವಾ ಕಾರಿನ ಮಾಲೀಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು.

ಇವತ್ತು ಎಲ್‌ಎಲ್‌ಆರ್‌ಗೆ ಮೊಬೈಲಿನಲ್ಲೇ ಅರ್ಜಿ ಹಾಕಬಹುದು. ಸರ್ಕಾರ ಆ ಜಾಲತಾಣಕ್ಕೆ ಇಟ್ಟ ಹೆಸರು ಸಾರಥಿ. ಇಂದಿರಾನಗರದ ಕೆಎ 03, ಕೆ.ಆರ್. ಪುರದ ಕೆಎ 53, ನಮ್ಮ ಜಿಲ್ಲೆಯ ಆರ್‌ಟಿಓ, ಎಲ್ಲ ಕಡೆ ನಿಯಮ ಒಂದೇ. ಕಾಗದ ಸುಲಭವಾಗಿದೆ, ಕಲಿಯಲು ಗಾಡಿ ಮಾತ್ರ ಇನ್ನೂ ಬೇರೆಯವರದೇ. ದಂಡಿನ ಶೋಫರ್ ಧಣಿಯ ಮರ್ಜಿ ಕಾದ, ಸಿಪಾಯಿ ವರ್ಷಗಳನ್ನು ಕೊಟ್ಟ, ಕ್ಲೀನರ್ ಬೆವರು ಕೊಟ್ಟ. ಈಗಿನವರು ಕೊಡುವುದು ಡ್ರೈವಿಂಗ್ ಸ್ಕೂಲಿನ ಫೀಸು.

ಹಾಗಾಗಿ ಫೀಸು ಕಟ್ಟುವ ಮುಂಚೆ ಎರಡು ಮಾತು ಕೇಳಿ. ಕಾರಿಗೆ ಎರಡನೇ ಬ್ರೇಕು ಇದೆಯೇ? ಸ್ಟಿಯರಿಂಗ್ ನನ್ನ ಕೈಗೆ ಒಟ್ಟು ಎಷ್ಟು ಗಂಟೆ ಕೊಡುತ್ತೀರಿ? 10 ಗಂಟೆಗಿಂತ ಕಡಿಮೆ ಅಂದರೆ ಬೇರೆ ಸ್ಕೂಲು ನೋಡಿ. ಆ ಹತ್ತು ಗಂಟೆ ನೀವು ಕಾಸು ಕೊಟ್ಟು ತಂದ ಬಾಡಿಗೆ.