ಆಂಟಿಗಾದ ಎರಡು ಮೈದಾನಗಳು: ಹತ್ತು ಎಸೆತಗಳ ಟೆಸ್ಟ್ ಮತ್ತು ಹೊಸ ಕ್ರೀಡಾಂಗಣಗಳ ಸಮಸ್ಯೆ

2009ರ ಫೆಬ್ರವರಿ 13ರಂದು ವೆಸ್ಟ್ ಇಂಡೀಸ್‌ನ ಆಂಟಿಗಾ ದ್ವೀಪದಲ್ಲಿ ಆರಂಭವಾದ ಟೆಸ್ಟ್ ಪಂದ್ಯವು ಕೇವಲ ಹತ್ತು ಎಸೆತಗಳಲ್ಲಿ ಮುಗಿದುಹೋಯಿತು. ಮಳೆ ಸುರಿಯಲಿಲ್ಲ, ಗಲಭೆಯಾಗಲಿಲ್ಲ. ವೇಗದ ಬೌಲರ್‌ಗಳಾದ ಜೆರೋಮ್ ಟೇಲರ್ ಹಾಗೂ ಫಿಡೆಲ್ ಎಡ್ವರ್ಡ್ಸ್ ಓಡಿಬರುವ ಹಾದಿಯಲ್ಲಿ ಕಾಲಿಟ್ಟಲ್ಲೆಲ್ಲ ಮರಳು ಕುಸಿಯುತ್ತಿತ್ತು. ಇಂಗ್ಲೆಂಡ್ ವಿಕೆಟ್ ನಷ್ಟವಿಲ್ಲದೆ 7 ಓಟಗಳನ್ನು ಗಳಿಸಿದ್ದಾಗ ಅಂಪೈರ್‌ಗಳು ಆಟ ನಿಲ್ಲಿಸಿದರು. ಮೈದಾನ ಆಟಕ್ಕೆ ಯೋಗ್ಯವಲ್ಲವೆಂದು ಪಂದ್ಯವನ್ನೇ ಕೈಬಿಡಲಾಯಿತು.

ಈ ಅಪಕೀರ್ತಿಗೆ ಗುರಿಯಾದದ್ದು ಯಾವುದೋ ಪಾಳುಬಿದ್ದ ಮೈದಾನವಲ್ಲ. 2007ರ ವಿಶ್ವಕಪ್‌ಗಾಗಿ ಚೀನಾ ಸರ್ಕಾರದ ನೆರವಿನಿಂದ ನಾರ್ತ್ ಸೌಂಡ್ ಎಂಬಲ್ಲಿ ನಿರ್ಮಿಸಲಾದ ಸರ್ ವಿವಿಯನ್ ರಿಚರ್ಡ್ಸ್ ಕ್ರೀಡಾಂಗಣ ಅದು. ಆಟಗಾರರಿಗೆ ಸುರಂಗಮಾರ್ಗ, ಪ್ರೇಕ್ಷಕರಿಗೆ ಈಜುಕೊಳ, ಮಾಧ್ಯಮದವರಿಗೆ ಸುಸಜ್ಜಿತ ಕೇಂದ್ರ ಎಲ್ಲವೂ ಅಲ್ಲಿತ್ತು. ಇಲ್ಲದಿದ್ದುದು ಬೌಲರ್ ಒಬ್ಬ ನಂಬಿ ಕಾಲೂರಬಹುದಾದ ನೆಲ. ನೀರು ನಿಲ್ಲುವ ಸಮಸ್ಯೆಯನ್ನು ಸರಿಪಡಿಸಲೆಂದು ಅದಕ್ಕೆ ಕೆಲವೇ ತಿಂಗಳ ಹಿಂದೆ ಔಟ್‌ಫೀಲ್ಡ್‌ಗೆ ಮರಳು ಹಾಸಿ ಹೊಸದಾಗಿ ಹುಲ್ಲು ಬೆಳೆಸಲಾಗಿತ್ತು. ಬೇರು ಮರಳನ್ನು ಹಿಡಿದುಕೊಳ್ಳುವ ಮೊದಲೇ ಪಂದ್ಯದ ದಿನ ಬಂದುಬಿಟ್ಟಿತು.

ಮುಂದೆ ನಡೆದದ್ದೇ ಈ ಕಥೆಯ ಸ್ವಾರಸ್ಯ. ರಾಜಧಾನಿ ಸೇಂಟ್ ಜಾನ್ಸ್‌ನ ನಡುಮಧ್ಯೆ ಇರುವ, ಸುಮಾರು ಮೂರು ವರ್ಷಗಳಿಂದ ಟೆಸ್ಟ್ ಕಾಣದಿದ್ದ ಹಳೆಯ ಆಂಟಿಗಾ ರಿಕ್ರಿಯೇಷನ್ ಗ್ರೌಂಡ್ ಅನ್ನು ಎರಡೇ ದಿನಗಳಲ್ಲಿ ಸಜ್ಜುಗೊಳಿಸಿ ಫೆಬ್ರವರಿ 15ರಂದು ಅಲ್ಲಿ ಮತ್ತೊಂದು ಟೆಸ್ಟ್ ಆರಂಭಿಸಲಾಯಿತು. ಇಂಗ್ಲೆಂಡ್ 9 ವಿಕೆಟ್‌ಗೆ 566 ಓಟ ಪೇರಿಸಿ ಡಿಕ್ಲೇರ್ ಮಾಡಿತು. ಐದನೆಯ ದಿನ ವೆಸ್ಟ್ ಇಂಡೀಸ್‌ನ ಕೊನೆಯ ಜೋಡಿ ಹತ್ತು ಓವರುಗಳ ಕಾಲ ಕಚ್ಚಿ ನಿಂತು ಪಂದ್ಯವನ್ನು ಡ್ರಾ ಮಾಡಿಕೊಂಡಿತು. ಮೂಲೆಗುಂಪಾಗಿದ್ದ ಮುದಿ ಮೈದಾನ ಐದೂ ದಿನ ಆಟ ನೀಡಿತ್ತು. (ಅದೇ ವಾರ, ಫೆಬ್ರವರಿ 17ರಂದು, ಇದೇ ದ್ವೀಪದಲ್ಲಿ ಖಾಸಗಿ ಮೈದಾನ ಕಟ್ಟಿಸಿ ಕ್ರಿಕೆಟ್‌ಗೆ ಕೋಟಿಗಟ್ಟಲೆ ಡಾಲರ್ ಸುರಿದಿದ್ದ ಅಲೆನ್ ಸ್ಟ್ಯಾನ್‌ಫರ್ಡ್ ಮೇಲೆ ಅಮೆರಿಕದಲ್ಲಿ ವಂಚನೆಯ ಮೊಕದ್ದಮೆ ಹೂಡಲಾಯಿತು. ಆಂಟಿಗಾದ ಪಾಲಿಗೆ ಅದು ಒಳ್ಳೆಯ ವಾರವಂತೂ ಆಗಿರಲಿಲ್ಲ.)

ಕಾರಾಗೃಹದ ಪಕ್ಕದ ಮೈದಾನ

ರಿಕ್ರಿಯೇಷನ್ ಗ್ರೌಂಡ್‌ಗೆ ಹೊಂದಿಕೊಂಡಂತೆಯೇ ದ್ವೀಪದ ಕಾರಾಗೃಹವಿದೆ. ಪಿಚ್ ಸಿದ್ಧಪಡಿಸುವ ಕೆಲಸಕ್ಕೆ ಅಲ್ಲಿನ ಕೈದಿಗಳನ್ನೇ ಕರೆತರುವುದು ವಾಡಿಕೆಯಾಗಿತ್ತು. ರಿಚರ್ಡ್ಸ್ ಅವರ ತಂದೆ ಅದೇ ಕಾರಾಗೃಹದಲ್ಲಿ ಅಧಿಕಾರಿಯಾಗಿದ್ದರು. ಇಲ್ಲಿ ಮೊದಲ ಟೆಸ್ಟ್ ನಡೆದದ್ದು 1981ರಲ್ಲಿ, ಇಂಗ್ಲೆಂಡ್ ವಿರುದ್ಧ. ತವರಿನ ಜನರೆದುರು ರಿಚರ್ಡ್ಸ್ 114 ಓಟ ಗಳಿಸಿದರು. 1986ರಲ್ಲಿ ಅದೇ ಎದುರಾಳಿಯ ಮೇಲೆ ಅವರು 56 ಎಸೆತಗಳಲ್ಲಿ ಬಾರಿಸಿದ ಶತಕವು ಮೂವತ್ತು ವರ್ಷ ದಾಖಲೆಯಾಗಿ ಉಳಿಯಿತು. 2014ರಲ್ಲಿ ಪಾಕಿಸ್ತಾನದ ಮಿಸ್ಬಾ ಉಲ್ ಹಕ್ ಅದನ್ನು ಸರಿಗಟ್ಟಿದರೆ, 2016ರಲ್ಲಿ ನ್ಯೂಜಿಲೆಂಡಿನ ಬ್ರೆಂಡನ್ ಮೆಕಲಮ್ ಮುರಿದರು.

ಬ್ರಯಾನ್ ಲಾರಾ 1994ರಲ್ಲಿ 375 ಓಟ ಗಳಿಸಿ ಗ್ಯಾರಿ ಸೋಬರ್ಸ್ ಅವರ 36 ವರ್ಷಗಳ ಹಿಂದಿನ ದಾಖಲೆಯನ್ನು ದಾಟಿದ್ದು ಇಲ್ಲಿಯೇ. ಹತ್ತು ವರ್ಷಗಳ ನಂತರ ಅಜೇಯ 400 ಓಟ ಗಳಿಸಿದ್ದೂ ಇಲ್ಲಿಯೇ. ನಡುವೆ 2003ರಲ್ಲಿ ವೆಸ್ಟ್ ಇಂಡೀಸ್ ಆಸ್ಟ್ರೇಲಿಯಾ ಎದುರು ನಾಲ್ಕನೆಯ ಇನಿಂಗ್ಸ್‌ನಲ್ಲಿ 418 ಓಟಗಳ ಗುರಿ ಮುಟ್ಟಿ ಗೆದ್ದಿತು. ಟೆಸ್ಟ್ ಚರಿತ್ರೆಯಲ್ಲಿ ಅಷ್ಟು ದೊಡ್ಡ ಗುರಿಯನ್ನು ಬೆನ್ನಟ್ಟಿ ಗೆದ್ದ ತಂಡ ಮತ್ತೊಂದಿಲ್ಲ.

ಆದರೆ ಈ ಮೈದಾನ ಜನರ ನೆನಪಿನಲ್ಲಿ ಉಳಿದದ್ದು ಅಂಕಿ ಅಂಶಗಳಿಂದ ಮಾತ್ರವಲ್ಲ. ಎರಡಂತಸ್ತಿನ ಗ್ಯಾಲರಿಯಿಂದ 'ಚಿಕಿ'ಯ ಧ್ವನಿವರ್ಧಕಗಳು ದಿನವಿಡೀ ಸಂಗೀತ ಸುರಿಸುತ್ತಿದ್ದವು. 'ಗ್ರೇವಿ' ಎಂಬ ಅಡ್ಡಹೆಸರಿನ ರಸಿಕ ವಿಚಿತ್ರ ವೇಷಗಳನ್ನು ತೊಟ್ಟು ಓವರುಗಳ ನಡುವೆ ಕುಣಿಯುತ್ತಿದ್ದರು. ಪೇಟೆಯ ಕಚೇರಿಯಲ್ಲಿ ಕೆಲಸ ಮಾಡುವವನು ಊಟದ ಬಿಡುವಿನಲ್ಲಿ ನಡೆದು ಬಂದು ಒಂದು ಗಂಟೆ ಆಟ ನೋಡಿ ಹಿಂದಿರುಗಬಹುದಿತ್ತು.

ಕುಂಬ್ಳೆ, ದ್ರಾವಿಡ್ ಮತ್ತು ಈ ಅಂಗಳ

ಕನ್ನಡಿಗರಿಗೂ ಈ ಅಂಗಳ ಪರಕೀಯವಲ್ಲ. 2002ರ ಮೇ ತಿಂಗಳಲ್ಲಿ ಇಲ್ಲಿ ನಡೆದ ಟೆಸ್ಟ್‌ನಲ್ಲಿ ಬ್ಯಾಟ್ ಮಾಡುವಾಗ ಮರ್ವಿನ್ ಡಿಲ್ಲನ್ ಎಸೆದ ಚೆಂಡು ಬಡಿದು ಅನಿಲ್ ಕುಂಬ್ಳೆ ಅವರ ದವಡೆ ಮುರಿಯಿತು. ಶಸ್ತ್ರಚಿಕಿತ್ಸೆಗಾಗಿ ತಾಯ್ನಾಡಿಗೆ ಮರಳುವುದು ಖಚಿತವಾಗಿದ್ದರೂ ಅವರು ಮುಖಕ್ಕೆ ಪಟ್ಟಿ ಬಿಗಿದುಕೊಂಡು ಮೈದಾನಕ್ಕಿಳಿದು 14 ಓವರು ಬೌಲ್ ಮಾಡಿ ಲಾರಾ ಅವರನ್ನು ಎಲ್‌ಬಿಡಬ್ಲ್ಯೂ ಬಲೆಗೆ ಕೆಡವಿದರು. ಅದೇ ಪಂದ್ಯದಲ್ಲಿ ರಾಹುಲ್ ದ್ರಾವಿಡ್ 91 ಓಟ ಗಳಿಸಿದ್ದರು. ಪಿಚ್ ಎಷ್ಟು ನಿರ್ಜೀವವಾಗಿತ್ತೆಂದರೆ ವಿಕೆಟ್ ಕೀಪರ್ ಅಜಯ್ ರಾತ್ರಾ ಸೇರಿ ಭಾರತದ ಹನ್ನೊಂದು ಮಂದಿಯೂ ಬೌಲ್ ಮಾಡಿದರು. ಹಳೆಯ ಮೈದಾನವೆಂದ ಮಾತ್ರಕ್ಕೆ ಎಲ್ಲ ಪಂದ್ಯವೂ ರೋಚಕವೆಂದು ತಿಳಿಯಬೇಕಿಲ್ಲ.

2006ರ ಜೂನ್‌ನಲ್ಲಿ ದ್ರಾವಿಡ್ ನಾಯಕರಾಗಿ ಇಲ್ಲಿಗೆ ಬಂದರು. ವಾಸಿಂ ಜಾಫರ್ ದ್ವಿಶತಕ ಹೊಡೆದರು. ಬೌಂಡರಿ ಗೆರೆಯ ಬಳಿ ಹಿಡಿದ ಧೋನಿಯ ಕ್ಯಾಚ್ ಕುರಿತು ದೀರ್ಘ ವಾಗ್ವಾದ ನಡೆಯಿತು. 392 ಓಟಗಳ ಗುರಿ ಪಡೆದಿದ್ದ ವೆಸ್ಟ್ ಇಂಡೀಸ್ 9 ವಿಕೆಟ್‌ಗೆ 298 ಓಟ ಗಳಿಸಿ ಸೋಲಿನಿಂದ ಪಾರಾಯಿತು. ಭಾರತ ಆ ಸರಣಿಯನ್ನು ಗೆದ್ದಿತು, 35 ವರ್ಷಗಳ ನಂತರ. ಆ ಜೂನ್‌ನ ಬಳಿಕ ಟೆಸ್ಟ್ ಕ್ರಿಕೆಟ್ ಊರು ಬಿಟ್ಟು ನಾರ್ತ್ ಸೌಂಡ್‌ಗೆ ಹೋಯಿತು. ಕುಂಬ್ಳೆ 2016ರಲ್ಲಿ ಭಾರತ ತಂಡದ ತರಬೇತುದಾರರಾಗಿ ಆಂಟಿಗಾಕ್ಕೆ ಮರಳಿದಾಗ ಟೆಸ್ಟ್ ನಡೆದದ್ದು ಆ ಹೊಸ ಕ್ರೀಡಾಂಗಣದಲ್ಲಿ. ವಿರಾಟ್ ಕೊಹ್ಲಿ ಅಲ್ಲಿ ತಮ್ಮ ಮೊದಲ ಟೆಸ್ಟ್ ದ್ವಿಶತಕ ಗಳಿಸಿದರು.

ಸ್ಥಳಾಂತರಕ್ಕೆ ಕಾರಣಗಳೇನು?

ಕಾರಣಗಳು ನಿರಾಧಾರವಾಗಿರಲಿಲ್ಲ. ವಿಶ್ವಕಪ್‌ನಂಥ ಕೂಟಕ್ಕೆ ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿ ಬಯಸುವ ಆಸನ, ವಾಹನ ನಿಲುಗಡೆ, ಭದ್ರತಾ ವಲಯ, ನೇರಪ್ರಸಾರದ ವ್ಯವಸ್ಥೆಗಳನ್ನು ಪೇಟೆಯ ನಡುವಿನ ಇಕ್ಕಟ್ಟಾದ ಮೈದಾನದಲ್ಲಿ ಒದಗಿಸುವುದು ಕಷ್ಟ. ವಿದೇಶಿ ನೆರವು ಸಿಕ್ಕಾಗ ಹಳೆಯದನ್ನು ದುರಸ್ತಿ ಮಾಡುವುದಕ್ಕಿಂತ ಬಯಲಿನಲ್ಲಿ ಹೊಸದನ್ನು ಕಟ್ಟುವುದು ಸರ್ಕಾರಗಳಿಗೆ ಸುಲಭ. ಉದ್ಘಾಟನಾ ಫಲಕಕ್ಕೂ ಜಾಗ ಸಿಗುತ್ತದೆ. ಹಳೆಯ ಮೈದಾನಗಳೇನೂ ದೋಷಮುಕ್ತವಲ್ಲ. 1998ರ ಜನವರಿಯಲ್ಲಿ ಜಮೈಕಾದ ಐತಿಹಾಸಿಕ ಸಬೀನಾ ಪಾರ್ಕ್‌ನಲ್ಲಿ ಅಪಾಯಕಾರಿ ಪಿಚ್‌ನಿಂದಾಗಿ ಟೆಸ್ಟ್ ಒಂದು ಗಂಟೆಯೊಳಗೆ ನಿಂತುಹೋಗಿತ್ತು. ಆಗಲೂ ಎದುರಾಳಿ ಇಂಗ್ಲೆಂಡ್ ತಂಡವೇ.

ಗಯಾನಾದ ಜಾರ್ಜ್‌ಟೌನ್‌ನಲ್ಲಿದ್ದ ಬೌರ್ಡಾ ಮೈದಾನದ ಉದಾಹರಣೆ ಇನ್ನೂ ಸ್ಪಷ್ಟ. ಸಮುದ್ರಮಟ್ಟಕ್ಕಿಂತ ಕೆಳಗಿರುವ ಆ ಅಂಗಳದ ಸುತ್ತ ನೀರು ಬಸಿಯಲು ಕಂದಕವನ್ನೇ ತೋಡಲಾಗಿತ್ತು. ಹಾಗಿದ್ದೂ 1990ರಲ್ಲಿ ಒಂದು ಟೆಸ್ಟ್ ಒಂದೂ ಎಸೆತ ಕಾಣದೆ ಮಳೆಗೆ ಆಹುತಿಯಾಯಿತು. ಅದರ ಬದಲಿಗೆ ಭಾರತ ಸರ್ಕಾರದ ನೆರವಿನಿಂದ, ಭಾರತೀಯ ಕಂಪೆನಿಯೊಂದು ನಿರ್ಮಿಸಿದ ಪ್ರಾವಿಡೆನ್ಸ್ ಕ್ರೀಡಾಂಗಣ 2007ರ ವಿಶ್ವಕಪ್‌ಗೆ ಸಿದ್ಧವಾಯಿತು. ಇದು ಜನರನ್ನು ಕಳೆದುಕೊಳ್ಳಲಿಲ್ಲ. ಕೆರಿಬಿಯನ್ ಪ್ರೀಮಿಯರ್ ಲೀಗ್ ಪಂದ್ಯಗಳಿಗೆ ಅಲ್ಲಿ ಜನ ಕಿಕ್ಕಿರಿಯುತ್ತಾರೆ. 2024ರ ಟಿ-20 ವಿಶ್ವಕಪ್ ಸೆಮಿಫೈನಲ್‌ನಲ್ಲಿ ಭಾರತ ಇಂಗ್ಲೆಂಡನ್ನು ಮಣಿಸಿದ್ದೂ ಅಲ್ಲಿಯೇ. ಬಾರ್ಬಡೋಸ್ ಬೇರೊಂದು ಹಾದಿ ಹಿಡಿಯಿತು. ಕೆನ್ಸಿಂಗ್ಟನ್ ಓವಲ್‌ನ ಹಳೆಯ ಕಟ್ಟಡಗಳನ್ನು ಕೆಡವಿ ಅದೇ ಜಾಗದಲ್ಲಿ ಹೊಸದಾಗಿ ಕಟ್ಟಿತು. ಊರಿನ ಜನಕ್ಕೆ ಮೈದಾನದ ದಾರಿ ಬದಲಾಗಲಿಲ್ಲ.

ಇದಕ್ಕೆ ತದ್ವಿರುದ್ಧವಾದದ್ದು ಜಮೈಕಾದ ಟ್ರೆಲಾನಿ. 2007ರ ವಿಶ್ವಕಪ್‌ನ ಉದ್ಘಾಟನಾ ಸಮಾರಂಭ ಹಾಗೂ ಅಭ್ಯಾಸ ಪಂದ್ಯಗಳಿಗೆಂದು ಚೀನಾ ನೆರವಿನಿಂದ ಕಟ್ಟಿದ ಆ ಕ್ರೀಡಾಂಗಣ ಈವರೆಗೆ ಒಂದೂ ಟೆಸ್ಟ್ ಕಂಡಿಲ್ಲ.

2007ರಲ್ಲಿ ಎಡವಿದ್ದೆಲ್ಲಿ?

ಕಟ್ಟಡಗಳಿಗಿಂತ ಹೆಚ್ಚಾಗಿ ಕಟ್ಟಳೆಗಳೇ ಜನರನ್ನು ದೂರವಿಟ್ಟವು. ಶಂಖ, ಡೋಲು, ತಮಟೆಗಳನ್ನು ಅನುಮತಿಯಿಲ್ಲದೆ ಒಳತರುವಂತಿರಲಿಲ್ಲ. ಮನೆಯ ಬುತ್ತಿ ತರುವಂತಿರಲಿಲ್ಲ. ಒಮ್ಮೆ ಹೊರಹೋದವರು ಮರಳಿ ಬರುವಂತಿರಲಿಲ್ಲ. ಟಿಕೆಟ್ ದರ ಸ್ಥಳೀಯ ಕೂಲಿಗಾರನ ಕೈಗೆ ಎಟುಕುವಂತಿರಲಿಲ್ಲ. ಊರ ಹೊರಗಿನ ಕ್ರೀಡಾಂಗಣಕ್ಕೆ ಹೋಗಿಬರುವ ವೆಚ್ಚ ಬೇರೆ. ದೂರದರ್ಶನದ ಪರದೆಯ ಮೇಲೆ ಖಾಲಿ ಕುರ್ಚಿಗಳ ಸಾಲು ಕಂಡ ನಂತರ ಸಂಘಟಕರು ಕೆಲವು ನಿರ್ಬಂಧಗಳನ್ನು ಸಡಿಲಿಸಿದರು. ಅಷ್ಟರಲ್ಲಿ ಪಂದ್ಯಾವಳಿಯ ದೊಡ್ಡ ಭಾಗ ಮುಗಿದಿತ್ತು.

ಹತ್ತು ಎಸೆತಗಳ ಅವಮಾನದ ಬಳಿಕ ನಾರ್ತ್ ಸೌಂಡ್‌ಗೆ ಟೆಸ್ಟ್ ಮರಳಿದ್ದು 2012ರ ಜುಲೈನಲ್ಲಿ, ನ್ಯೂಜಿಲೆಂಡ್ ಭೇಟಿಯ ವೇಳೆ. ಅಲ್ಲಿಂದೀಚೆಗೆ ಅದರ ಔಟ್‌ಫೀಲ್ಡ್ ಸುಧಾರಿಸಿದೆ. 2019ರಲ್ಲಿ ಜಸ್‌ಪ್ರೀತ್ ಬುಮ್ರಾ ಅಲ್ಲಿ ಕೇವಲ 7 ಓಟ ನೀಡಿ 5 ವಿಕೆಟ್ ಕಿತ್ತರು. ಹಳೆಯ ರಿಕ್ರಿಯೇಷನ್ ಗ್ರೌಂಡ್ ಫುಟ್‌ಬಾಲ್‌ಗೆ, ಕಾರ್ನಿವಲ್ ಉತ್ಸವಕ್ಕೆ ಬಳಕೆಯಾಗುತ್ತಿದೆ. 2009ರ ನಂತರ ಅದು ಟೆಸ್ಟ್ ಕಂಡಿಲ್ಲ.

ನಮ್ಮ ದೇಶದಲ್ಲಿ

ಭಾರತದಲ್ಲಿ ಇದೇ ಸ್ಥಳಾಂತರ ಸದ್ದಿಲ್ಲದೆ ನಡೆದಿದೆ. ನಾಗಪುರದಲ್ಲಿ ಪೇಟೆಯೊಳಗಿನ ಸಿವಿಲ್ ಲೈನ್ಸ್ ಮೈದಾನದಿಂದ ವಾರ್ಧಾ ರಸ್ತೆಯ ಜಾಮ್ಠಾಕ್ಕೆ 2008ರಲ್ಲಿ ಟೆಸ್ಟ್ ಹೋಯಿತು. ಸೌರವ್ ಗಂಗೂಲಿ ಕೊನೆಯ ಟೆಸ್ಟ್ ಆಡಿದ್ದು ಅಲ್ಲಿ. ಪುಣೆಯ ನೆಹರೂ ಕ್ರೀಡಾಂಗಣದ ಬದಲಿಗೆ ಮುಂಬೈ ಹೆದ್ದಾರಿ ಬದಿಯ ಗಹುಂಜೆ ಬಂದಿತು. 2024ರ ಅಕ್ಟೋಬರ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧದ ಟೆಸ್ಟ್‌ನ ಮೊದಲ ದಿನವೇ ಸುಡುಬಿಸಿಲಿನಲ್ಲಿ ಕುಡಿಯುವ ನೀರು ಸಿಗದೆ ಗಹುಂಜೆಯ ಪ್ರೇಕ್ಷಕರು ಘೋಷಣೆ ಕೂಗಿದರು. ಅಲ್ಲಿನ ಕ್ರಿಕೆಟ್ ಸಂಸ್ಥೆ ಕ್ಷಮೆ ಯಾಚಿಸಬೇಕಾಯಿತು. ರಾತ್ರಿಯ ಐಪಿಎಲ್ ಪಂದ್ಯಕ್ಕೆಂದು ಲೆಕ್ಕ ಹಾಕಿ ಕಟ್ಟಿದ ಗ್ಯಾಲರಿಗಳಲ್ಲಿ ಟೆಸ್ಟ್ ನೋಡುವವನ ತಲೆಗೆ ನೆರಳಿರುವುದಿಲ್ಲ. ಐದು ದಿನ ಊರ ಹೊರಗೆ ಓಡಾಡುವ ಬಿಡುವೂ ಎಲ್ಲರಿಗಿಲ್ಲ. 2019ರಲ್ಲಿ ರಾಂಚಿ ಟೆಸ್ಟ್ ಬಳಿಕ ಅಂದಿನ ನಾಯಕ ಕೊಹ್ಲಿ, ಟೆಸ್ಟ್‌ಗಳನ್ನು ಐದು ನಿಗದಿತ ಕೇಂದ್ರಗಳಿಗೆ ಸೀಮಿತಗೊಳಿಸಬೇಕೆಂದು ಸೂಚಿಸಿದ್ದರು.

ಬೆಂಗಳೂರಿನ ಮುಂದಿರುವ ಪ್ರಶ್ನೆ

ಆಂಟಿಗಾದ ಹೊಸ ಕ್ರೀಡಾಂಗಣಕ್ಕೆ ಹೆಸರು ಕೊಟ್ಟ ರಿಚರ್ಡ್ಸ್ ತಮ್ಮ ಟೆಸ್ಟ್ ಜೀವನ ಆರಂಭಿಸಿದ್ದು ಬೆಂಗಳೂರಿನಲ್ಲಿ. 1974ರ ನವೆಂಬರ್‌ನಲ್ಲಿ ಇಂದಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆದ ಮೊಟ್ಟಮೊದಲ ಟೆಸ್ಟ್ ಅದು. ಕಟ್ಟಡದ ಕೆಲಸ ಆಗಿನ್ನೂ ಪೂರ್ಣಗೊಂಡಿರಲಿಲ್ಲ. ಎರಡೂ ಇನಿಂಗ್ಸ್‌ಗಳಲ್ಲಿ ಬಿ.ಎಸ್. ಚಂದ್ರಶೇಖರ್ ಅವರಿಗೆ ವಿಕೆಟ್ ಒಪ್ಪಿಸಿದ ರಿಚರ್ಡ್ಸ್ 4 ಮತ್ತು 3 ಓಟ ಗಳಿಸಿದರು. ನಾವು ಇಂದು ಹಳೆಯದೆಂದು ಅಭಿಮಾನ ಪಡುವ ಮೈದಾನವೂ ಒಂದು ಕಾಲಕ್ಕೆ ಸಿಮೆಂಟಿನ ವಾಸನೆ ಆರದ ಹೊಸ ಮೈದಾನವಾಗಿತ್ತು. ಇದ್ದಲ್ಲೇ ಹೊಸತಾಗಬಹುದೆಂಬುದನ್ನೂ ಅದು ತೋರಿಸಿದೆ: ನೆಲದಡಿಯಿಂದ ನೀರು ಹೀರುವ ಸಬ್‌ಏರ್ ವ್ಯವಸ್ಥೆಯನ್ನು 2017ರಲ್ಲಿ ಅಲ್ಲಿ ಅಳವಡಿಸಲಾಯಿತು.

ಆದರೆ 2025ರ ಜೂನ್ 4ರಂದು ವಿಜಯೋತ್ಸವಕ್ಕೆ ಸೇರಿದ ಜನಸಾಗರದ ಕಾಲ್ತುಳಿತಕ್ಕೆ ಸಿಲುಕಿ ಕ್ರೀಡಾಂಗಣದ ಹೊರಗೆ 11 ಮಂದಿ ಪ್ರಾಣ ಕಳೆದುಕೊಂಡರು. ನ್ಯಾಯಮೂರ್ತಿ ಜಾನ್ ಮೈಕೆಲ್ ಕುನ್ಹಾ ಆಯೋಗವು, ಬೃಹತ್ ಜನಸಂದಣಿಯ ಕಾರ್ಯಕ್ರಮಗಳಿಗೆ ಈ ಸ್ಥಳ ಸುರಕ್ಷಿತವಲ್ಲವೆಂದು ವರದಿ ನೀಡಿತು. ಆ ವರ್ಷದ ಮಹಿಳಾ ವಿಶ್ವಕಪ್ ಪಂದ್ಯಗಳು ಬೆಂಗಳೂರಿನ ಕೈತಪ್ಪಿ ನವಿ ಮುಂಬೈ ಪಾಲಾದವು. ಬೊಮ್ಮಸಂದ್ರದ ಸೂರ್ಯನಗರದಲ್ಲಿ 80,000 ಆಸನಗಳ ಕ್ರೀಡಾಂಗಣ ನಿರ್ಮಿಸುವ ಪ್ರಸ್ತಾವಕ್ಕೆ ರಾಜ್ಯ ಸರ್ಕಾರ 2025ರಲ್ಲೇ ಸಮ್ಮತಿ ಸೂಚಿಸಿತು.

ಹನ್ನೊಂದು ಜೀವಗಳ ಎದುರಿಗೆ ನೆನಪುಗಳ ವಾದ ಮಂಡಿಸುವುದು ಸಾಧ್ಯವಿಲ್ಲ. ಕೇಳಬೇಕಾದುದು ಆಂಟಿಗಾದಲ್ಲಿ ಕೇಳದೆ ಉಳಿದ ಸಾಮಾನ್ಯ ಪ್ರಶ್ನೆಗಳನ್ನು. ಮಧ್ಯಾಹ್ನದ ಬಿಸಿಲಿಗೆ ನೆರಳೆಷ್ಟು? ಕುಡಿಯುವ ನೀರು ಎಷ್ಟು ಹೆಜ್ಜೆ ದೂರ? ಹುಲ್ಲು ಬೇರೂರಲು ಎಷ್ಟು ತಿಂಗಳ ಕಾಲಾವಕಾಶ? ರಾತ್ರಿ ಹನ್ನೊಂದೂವರೆಗೆ ಪಂದ್ಯ ಮುಗಿದಾಗ 80,000 ಮಂದಿ ಮನೆಗೆ ಮರಳುವುದು ಹೇಗೆ? ಚಿನ್ನಸ್ವಾಮಿಯ ಪಕ್ಕದಲ್ಲೇ ಕಬ್ಬನ್ ಪಾರ್ಕ್ ಮೆಟ್ರೊ ನಿಲ್ದಾಣವಿದೆ. 2025ರ ಆಗಸ್ಟ್‌ನಲ್ಲಿ ಆರಂಭವಾದ ಮೆಟ್ರೊ ಹಳದಿ ಮಾರ್ಗ ಬೊಮ್ಮಸಂದ್ರದಲ್ಲಿ ಕೊನೆಗೊಳ್ಳುತ್ತದೆ. ಸೂರ್ಯನಗರ ಅಲ್ಲಿಂದ ಇನ್ನೂ ಮುಂದಿದೆ.