ಮಾನಸಿಕ ಪರೀಕ್ಷೆ ಮತ್ತು ಮೌಲ್ಯಮಾಪನ: ಮೂಲ ಮಾಹಿತಿ, ಇತಿಹಾಸ ಹಾಗೂ ಅರ್ಜಿದಾರರು ಗಮನಿಸಬೇಕಾದ ಅಂಶಗಳು

ಬೌದ್ಧಿಕ ಅಂಗವಿಕಲತೆಯ ಪ್ರಮಾಣಪತ್ರ ಕೋರಿ ಅರ್ಜಿ ಸಲ್ಲಿಸುವ ಕವಿತಾಳ, ಮಾನ್ವಿ, ದೇವದುರ್ಗ ಹಾಗೂ ರಾಯಚೂರು ನಗರದ ಪೋಷಕರಲ್ಲಿ ಅನೇಕರು, ಮಗುವಿಗೆ ನಡೆಸಲಾಗುವ ಪರೀಕ್ಷೆ ಯಾವುದು, ಅದರ ಅಂಕಿಯ ಅರ್ಥವೇನು ಎಂಬುದನ್ನು ತಿಳಿಯದೆಯೇ ಆಸ್ಪತ್ರೆಗೆ ಬರುತ್ತಾರೆ. ಸದರಿ ವಿಷಯದ ಬಗ್ಗೆ ಸಾರ್ವಜನಿಕರ ತಿಳುವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಮಾನಸಿಕ ಪರೀಕ್ಷೆ ಎಂದರೇನು?

ಎಲ್ಲರಿಗೂ ಒಂದೇ ರೀತಿಯ ಪ್ರಶ್ನೆ ಅಥವಾ ಕೆಲಸವನ್ನು ಒಂದೇ ವಿಧಾನದಲ್ಲಿ ಕೊಟ್ಟು, ಬಂದ ಉತ್ತರವನ್ನು ಅದೇ ವಯಸ್ಸಿನ ಇತರರ ಸಾಮಾನ್ಯ ಮಟ್ಟದೊಂದಿಗೆ ಹೋಲಿಸುವುದೇ ಮಾನಸಿಕ ಪರೀಕ್ಷೆ. ಇಲ್ಲಿ ಶಾಲಾ ಪರೀಕ್ಷೆಯಂತೆ ಉತ್ತೀರ್ಣ, ಅನುತ್ತೀರ್ಣ ಎಂಬುದಿಲ್ಲ. ಮೌಲ್ಯಮಾಪನ ಎಂಬುದು ಇದಕ್ಕಿಂತ ವಿಶಾಲವಾದುದು. ಮಗುವಿನ ಜನನದ ಸಂದರ್ಭ, ಬೆಳವಣಿಗೆ, ಶಾಲೆಯ ಸ್ಥಿತಿ, ಮನೆಯಲ್ಲಿನ ನಡವಳಿಕೆ ಇವೆಲ್ಲವನ್ನೂ ವಿಚಾರಿಸಿ, ಪರೀಕ್ಷೆಯ ಫಲಿತಾಂಶವನ್ನು ಅವುಗಳ ಜೊತೆಗಿಟ್ಟು ನೋಡಲಾಗುತ್ತದೆ. ಅಂಕಿಯೊಂದನ್ನೇ ಹಿಡಿದು ಮಾಡಿದ ತೀರ್ಮಾನವು ಚೀಟಿ ನೋಡದೆ ಬರೆದ ಲೆಕ್ಕದಂತೆ. ಅದನ್ನು ಮೌಲ್ಯಮಾಪನ ಎನ್ನಲಾಗದು.

ಇತಿಹಾಸ

ಬುದ್ಧಿಯನ್ನು ಅಳೆಯುವ ಮೊದಲ ಉಪಯುಕ್ತ ಮಾಪನವು ಸರ್ಕಾರಿ ಅಗತ್ಯವೊಂದರಿಂದಲೇ ಹುಟ್ಟಿತು. ಫ್ರಾನ್ಸ್ ದೇಶದ ಶಿಕ್ಷಣ ಮಂತ್ರಾಲಯವು 1904ರಲ್ಲಿ, ಸಾಮಾನ್ಯ ತರಗತಿಯಲ್ಲಿ ಕಲಿಯಲಾಗದ ಮಕ್ಕಳ ಶಿಕ್ಷಣದ ಬಗ್ಗೆ ಆಯೋಗವೊಂದನ್ನು ರಚಿಸಿತು. ಅದರ ಸದಸ್ಯರಾಗಿದ್ದ ಆಲ್ಫ್ರೆಡ್ ಬಿನೆ ಅವರು ಥಿಯೊಡೋರ್ ಸೈಮನ್ ಅವರೊಡನೆ 1905ರಲ್ಲಿ ತಮ್ಮ ಮಾಪನವನ್ನು ಪ್ರಕಟಿಸಿದರು. ನೆರವು ಬೇಕಾದ ಮಕ್ಕಳನ್ನು ಗುರುತಿಸುವುದಷ್ಟೇ ಅವರ ಉದ್ದೇಶವಾಗಿತ್ತು; ಬುದ್ಧಿಯು ಬದಲಾಗದ ವಸ್ತುವೆಂದು ಅವರು ಒಪ್ಪಿರಲಿಲ್ಲ. ಜರ್ಮನಿಯ ವಿಲಿಯಂ ಸ್ಟರ್ನ್ 1912ರಲ್ಲಿ ಮಾನಸಿಕ ವಯಸ್ಸನ್ನು ನಿಜವಯಸ್ಸಿನಿಂದ ಭಾಗಿಸುವ ಕ್ರಮವನ್ನು ಸೂಚಿಸಿದರು. ಅಮೆರಿಕದ ಲೂಯಿಸ್ ಟರ್ಮನ್ 1916ರಲ್ಲಿ ಅದನ್ನು 100ರಿಂದ ಗುಣಿಸಿ ಬುದ್ಧಿಸೂಚ್ಯಂಕವಾಗಿ ಬಳಕೆಗೆ ತಂದರು. ಆದರೆ ಅದೇ ದೇಶದಲ್ಲಿ 1913ರ ಸುಮಾರಿಗೆ, ಹಡಗಿನಿಂದ ಇಳಿದ ಇಂಗ್ಲಿಷ್ ಬಾರದ ವಲಸಿಗರಿಗೆ ಇಂತಹ ಪರೀಕ್ಷೆ ನಡೆಸಿ ಬಹುಸಂಖ್ಯಾತರನ್ನು ಮಂದಬುದ್ಧಿಯವರೆಂದು ದಾಖಲಿಸಿದ ಉದಾಹರಣೆಯೂ ಇದೆ.

ನಮ್ಮ ನಾಡಿನಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮನಃಶಾಸ್ತ್ರ ವಿಭಾಗವು 1924ರಲ್ಲಿ ಆರಂಭವಾಯಿತು. ಅದರ ಮುಖ್ಯಸ್ಥರಾದ ಡಾ. ಎಂ.ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ, ಬುದ್ಧಿಮಾಪನದ ಗಣಿತಕ್ಕೆ ಹೆಸರಾದ ಸ್ಪಿಯರ್‌ಮನ್ ಅವರ ಬಳಿ ಅಧ್ಯಯನ ಮಾಡಿದ್ದರು. (1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ರೇಡಿಯೊ ಕೇಂದ್ರ ಸ್ಥಾಪಿಸಿದವರೂ ಇವರೇ. ಆಕಾಶವಾಣಿ ಎಂಬ ಹೆಸರು ಅಲ್ಲಿಂದ ಬಂದಿದೆ.)

ಇಂದು ನಮ್ಮ ಅರ್ಜಿದಾರರಿಗೆ ಹೆಚ್ಚು ಸಂಬಂಧಪಡುವುದು ಡಾ. ವಿ.ವಿ. ಕಾಮತ್ ಅವರ ಕೆಲಸ. ಬಿನೆ ಮಾಪನವನ್ನು ಅವರು ಅಂದಿನ ಮುಂಬಯಿ-ಕರ್ನಾಟಕ ಪ್ರದೇಶದ ಕನ್ನಡ ಹಾಗೂ ಮರಾಠಿ ಮಾತನಾಡುವ ಮಕ್ಕಳಿಗೆ ಅಳವಡಿಸಿದರು. ಈ ಕುರಿತ ಅವರ ಗ್ರಂಥವು 1940ರಲ್ಲಿ ಪ್ರಕಟವಾಯಿತು. ಬಿನೆ-ಕಾಮತ್ ಪರೀಕ್ಷೆ ಎಂದು ಕರೆಯಲಾಗುವ ಈ ಮಾಪನವು ದೇಶದ ಅನೇಕ ಆಸ್ಪತ್ರೆಗಳಲ್ಲಿ ಬಳಕೆಗೆ ಬಂದಿತು. ಕನ್ನಡದ ಮಕ್ಕಳನ್ನು ಕನ್ನಡದಲ್ಲಿಯೇ ಅಳೆಯಬೇಕೆಂಬ ಎಚ್ಚರವು ಅಷ್ಟು ಹಿಂದೆಯೇ ಇದ್ದಿತೆಂಬುದು ಗಮನಾರ್ಹ. ಆದರೆ ಆ ಕಾಲದಲ್ಲಿ ರಾಯಚೂರು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು, ಶಾಲೆಯ ಮಾಧ್ಯಮವೂ ಬಹುಪಾಲು ಉರ್ದುವಾಗಿತ್ತು. ಆದುದರಿಂದ ಸದರಿ ಪರೀಕ್ಷೆಯ ಮೂಲ ಮಟ್ಟಗಳು ನಮ್ಮ ಭಾಗದ ಮಕ್ಕಳಿಂದ ಬಂದವುಗಳಲ್ಲ, ಜೊತೆಗೆ ಬಹಳ ಹಳೆಯವು ಎಂಬುದನ್ನು ಪರೀಕ್ಷಕರು ನೆನಪಿನಲ್ಲಿಡಬೇಕಾಗುತ್ತದೆ.

ಬೆಂಗಳೂರಿನಲ್ಲಿ 1954ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಮುಂದೆ 1974ರಲ್ಲಿ ನಿಮ್ಹಾನ್ಸ್ ಆಯಿತು. ಈ ಸಂಸ್ಥೆಯು ಚಿಕಿತ್ಸಾ ಮನಃಶಾಸ್ತ್ರಜ್ಞರಿಗೆ ತರಬೇತಿ ನೀಡಿತು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಭರತ್‌ರಾಜ್ ಅವರು 1970ರ ದಶಕದಲ್ಲಿ ಸೆಗ್ವಿನ್ ಆಕೃತಿ ಫಲಕಕ್ಕೆ ಭಾರತೀಯ ಮಟ್ಟಗಳನ್ನು ಸಿದ್ಧಪಡಿಸಿದರು. ಇದರಲ್ಲಿ ಮರದ ಹತ್ತು ಆಕೃತಿಗಳನ್ನು ಅವುಗಳ ಕುಳಿಗಳಲ್ಲಿ ಬೇಗನೆ ಕೂರಿಸಬೇಕು. ಮಾತು ಕಡಿಮೆ ಬೇಕಾಗುವುದರಿಂದ ತೆಲುಗು, ಉರ್ದು ಅಥವಾ ಲಂಬಾಣಿ ಮನೆಮಾತಿನ ಮಕ್ಕಳಿಗೆ ಇದು ಅನುಕೂಲ. ನೆರೆಯ ಬಳ್ಳಾರಿಯಲ್ಲಿ 1985ರಲ್ಲಿ ನಿಮ್ಹಾನ್ಸ್ ಆರಂಭಿಸಿದ ಯೋಜನೆಯೇ ಮುಂದೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಸದರಿ ಕಾರ್ಯಕ್ರಮವು 1996ರಲ್ಲಿ ದೇಶಮಟ್ಟದಲ್ಲಿ ಜಾರಿಗೆ ಬಂದಿತು.

ಅಂಕಿಯ ಅರ್ಥ

8 ವರ್ಷದ ಮಗುವೊಂದು 6 ವರ್ಷದವರ ಮಟ್ಟದ ಕೆಲಸಗಳನ್ನು ಮಾತ್ರ ಮಾಡಿದಲ್ಲಿ, 6ನ್ನು 8ರಿಂದ ಭಾಗಿಸಿ 100ರಿಂದ ಗುಣಿಸಿದಾಗ 75 ಬರುತ್ತದೆ. 2001ರ ಕೇಂದ್ರ ಮಾರ್ಗಸೂಚಿಯಲ್ಲಿ 50ರಿಂದ 69ರವರೆಗಿನ ಸೂಚ್ಯಂಕಕ್ಕೆ ಶೇ. 50, 35ರಿಂದ 49ಕ್ಕೆ ಶೇ. 75, 20ರಿಂದ 34ಕ್ಕೆ ಶೇ. 90, 20ಕ್ಕಿಂತ ಕಡಿಮೆಗೆ ಶೇ. 100 ಎಂದು ನಿಗದಿಯಾಗಿತ್ತು. 70ರಿಂದ 79ರ ಗಡಿಯಲ್ಲಿದ್ದವರಿಗೆ ಶೇ. 25 ಮಾತ್ರ. ಅಂಗವಿಕಲರ ಹಕ್ಕುಗಳ ಅಧಿನಿಯಮ, 2016ರನ್ವಯ ಮೀಸಲಾತಿ ಮುಂತಾದ ಸೌಲಭ್ಯಗಳಿಗೆ ಕನಿಷ್ಠ ಶೇ. 40 ಇರಬೇಕು. ಹೀಗಾಗಿ 69 ಮತ್ತು 70ರ ನಡುವಿನ ಒಂದೇ ಅಂಕಿಯು ಒಂದು ಕುಟುಂಬಕ್ಕೆ ಸೌಲಭ್ಯವನ್ನು ತರಬಹುದು ಅಥವಾ ತಪ್ಪಿಸಬಹುದು. ಯಾವ ಪರೀಕ್ಷೆಯೂ ಒಂದು ಅಂಕಿಯಷ್ಟು ನಿಖರವಲ್ಲ. ಅದೇ ಮಗು ಬೇರೊಂದು ದಿನ ಕೆಲವು ಅಂಕ ಹೆಚ್ಚು ಅಥವಾ ಕಡಿಮೆ ಪಡೆಯಬಹುದು.

2018ರ ಜನವರಿಯ ಮಾರ್ಗಸೂಚಿಯಲ್ಲಿ ಬುದ್ಧಿಸೂಚ್ಯಂಕದ ಜೊತೆಗೆ ವೈನ್‌ಲ್ಯಾಂಡ್ ಸಾಮಾಜಿಕ ಪ್ರೌಢತೆಯ ಮಾಪನಕ್ಕೆ ಪ್ರಾಮುಖ್ಯ ನೀಡಿ, ಶೇಕಡಾವಾರು ಪ್ರಮಾಣವನ್ನು ಅದರ ಆಧಾರದ ಮೇಲೆ ನಿಗದಿಪಡಿಸಲಾಯಿತು. 2024ರ ಮಾರ್ಚ್‌ನಲ್ಲಿ ಮಾರ್ಗಸೂಚಿಯು ಮತ್ತೆ ಪರಿಷ್ಕೃತವಾಗಿರುವುದರಿಂದ ಹಳೆಯ ಪ್ರಮಾಣಪತ್ರ ಹೊಂದಿರುವವರು ನವೀಕರಣದ ಸಮಯದಲ್ಲಿ ವೈದ್ಯಕೀಯ ಪ್ರಾಧಿಕಾರದಲ್ಲಿ ವಿಚಾರಿಸುವುದು ಸೂಕ್ತ.

ಪೋಷಕರ ಗಮನಕ್ಕೆ

ವೈನ್‌ಲ್ಯಾಂಡ್ ಮಾಪನದಲ್ಲಿ ಪ್ರಶ್ನೆ ಕೇಳುವುದು ಮುಖ್ಯವಾಗಿ ತಾಯಿ ಅಥವಾ ಮಗುವನ್ನು ನೋಡಿಕೊಳ್ಳುವವರಿಗೆ. ಇದನ್ನು ನಾಗಪುರದ ಎ.ಜೆ. ಮ್ಯಾಲಿನ್ ಅವರು ಭಾರತಕ್ಕೆ ಅಳವಡಿಸಿದ್ದು, 89 ಅಂಶಗಳಿವೆ. ಮಗು ತಾನೇ ಉಣ್ಣುವುದೇ, ಗುಂಡಿ ಹಾಕಿಕೊಳ್ಳುವುದೇ, ಅಂಗಡಿಗೆ ಹೋಗಿ ಸಾಮಾನು ತರುವುದೇ ಎಂದು ವಿಚಾರಿಸಲಾಗುತ್ತದೆ. ನಾಲ್ಕು ಜನರ ಮುಂದೆ ಮಗುವನ್ನು ಕಡಿಮೆ ಮಾಡಿ ಹೇಳಬಾರದೆಂದು ಕೆಲವರು "ಎಲ್ಲ ಮಾಡ್ತಾನ್ರಿ" ಎನ್ನುತ್ತಾರೆ. ಸೌಲಭ್ಯ ತಪ್ಪೀತೆಂದು ಮತ್ತೆ ಕೆಲವರು "ಏನೂ ಬರಂಗಿಲ್ರಿ" ಎನ್ನುತ್ತಾರೆ. ಎರಡೂ ಮಗುವಿಗೆ ನಷ್ಟ. ತಾನಾಗಿ ಮಾಡುವುದು, ಹೇಳಿದರೆ ಮಾಡುವುದು, ಕೈಹಿಡಿದು ಮಾಡಿಸಬೇಕಾದುದು ಇವನ್ನು ಬೇರೆಬೇರೆಯಾಗಿ ತಿಳಿಸಬೇಕು. ದಿನವಿಡೀ ಮಗುವಿನ ಜೊತೆಗಿರುವವರೇ ಬರಬೇಕು. ತಾಯಿಯನ್ನು ಹೊಲದ ಕೆಲಸಕ್ಕೆ ಬಿಟ್ಟು ಚಿಕ್ಕಪ್ಪ ಕರೆತಂದಲ್ಲಿ ಅರ್ಧ ಪ್ರಶ್ನೆಗಳಿಗೆ ಉತ್ತರ ದೊರೆಯುವುದಿಲ್ಲ.

ನಸುಕಿನಲ್ಲಿ ಬಸ್ಸು ಹಿಡಿದು ರಾಯಚೂರಿಗೆ ಬರುವ ಮಗುವಿಗೆ ನಿದ್ರೆ, ಹಸಿವು ಎರಡೂ ಕಾಡುತ್ತವೆ. ಬುತ್ತಿ ಕಟ್ಟಿಕೊಂಡು ಬಂದು, ಪರೀಕ್ಷೆಗೆ ಮೊದಲು ಉಣ್ಣಿಸತಕ್ಕದ್ದು. ಕನ್ನಡಕ, ಶ್ರವಣಸಾಧನ ಇದ್ದಲ್ಲಿ ತರಬೇಕು. ಕಿವಿ ಕೇಳದ ಮಗುವನ್ನು ಬುದ್ಧಿ ಕಡಿಮೆಯ ಮಗುವೆಂದು ತಪ್ಪಾಗಿ ತಿಳಿಯುವ ಸಂಭವವಿರುತ್ತದೆ. ಮೂರ್ಛೆರೋಗದ ಗುಳಿಗೆ ಸೇವಿಸುತ್ತಿದ್ದಲ್ಲಿ ಚೀಟಿ ತೋರಿಸಬೇಕು, ಗುಳಿಗೆ ನಿಲ್ಲಿಸಬಾರದು. ಮನೆಮಾತು ಯಾವುದೆಂದು ಮೊದಲೇ ತಿಳಿಸಬೇಕು. ಹೊದಿಕೆಯನ್ನು ಚಾದರವೆಂದೇ ಬಲ್ಲ ಮಗುವಿಗೆ ಪುಸ್ತಕದ ಶಬ್ದ ಅರ್ಥವಾಗದಿದ್ದರೆ ಅದು ಬುದ್ಧಿಯ ಕೊರತೆಯಲ್ಲ. ಉತ್ತರಗಳನ್ನು ಮೊದಲೇ ಕಲಿಸಿ ತರುವುದು ಸರಿಯಲ್ಲ.

ಪರೀಕ್ಷೆ ನಡೆಸುವ ಚಿಕಿತ್ಸಾ ಮನಃಶಾಸ್ತ್ರಜ್ಞರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾಗಿರಬೇಕು.

ಅರ್ಜಿ ಮತ್ತು ಮೇಲ್ಮನವಿ

ದಿನಾಂಕ 1-6-2021ರಿಂದ ಪ್ರಮಾಣಪತ್ರವನ್ನು ಯುಡಿಐಡಿ ಜಾಲತಾಣದ ಮೂಲಕವೇ ನೀಡಲಾಗುತ್ತಿದೆ. ಅರ್ಜಿ ತುಂಬಲು ಗ್ರಾಮೀಣ ಅಥವಾ ನಗರ ಪುನರ್ವಸತಿ ಕಾರ್ಯಕರ್ತರ ನೆರವು ಪಡೆಯಬಹುದು. ಪರೀಕ್ಷಾ ವರದಿಯ ಪ್ರತಿಯನ್ನು ಕೇಳಿ ಪಡೆದು ಜೋಪಾನವಾಗಿಡಬೇಕು. ಶಾಲೆಗೂ ನವೀಕರಣಕ್ಕೂ ಅದು ಅಗತ್ಯ. ತೀರ್ಮಾನದಿಂದ ಬಾಧಿತರಾದವರು ಅಧಿನಿಯಮದ 59ನೇ ಪ್ರಕರಣದಡಿ, ಸರ್ಕಾರವು ಗೊತ್ತುಪಡಿಸಿದ ಪ್ರಾಧಿಕಾರಕ್ಕೆ ಮೇಲ್ಮನವಿ ಸಲ್ಲಿಸಬಹುದು. ನಿಯಮಗಳಲ್ಲಿ ನಿಗದಿಪಡಿಸಿದ ಅವಧಿಯೊಳಗೆ ಇದನ್ನು ಸಲ್ಲಿಸಬೇಕು. ಅಂಕಿಯು ಗಡಿಯ ಆಸುಪಾಸಿನಲ್ಲಿದ್ದು, ಪರೀಕ್ಷೆಯ ದಿನ ಮಗುವಿಗೆ ಜ್ವರವಿತ್ತು ಅಥವಾ ಭಾಷೆ ತಿಳಿಯಲಿಲ್ಲ ಎಂಬಂತಹ ಕಾರಣವಿದ್ದಲ್ಲಿ ಅದನ್ನು ಮನವಿಯಲ್ಲಿ ಸ್ಪಷ್ಟವಾಗಿ ಬರೆದು, ವರದಿಯ ಪ್ರತಿಯನ್ನು ಲಗತ್ತಿಸಲು ಕೋರಲಾಗಿದೆ.