ಮೌನದ ವರ್ಷಗಳಲ್ಲಿ ತುಳು ಸಿನಿಮಾ ಎಲ್ಲಿತ್ತು?

ಕೊರಿಯಾದ ಪಾಪ್ ಸಂಗೀತದ ಅಭಿಮಾನಿಗಳು 'ಕಮ್‌ಬ್ಯಾಕ್' ಎಂಬ ಪದವನ್ನು ಬಹಳ ಧಾರಾಳವಾಗಿ ಬಳಸುತ್ತಾರೆ. ಹಿಂದಿನ ಹಾಡು ಬಂದು ಆರೇ ತಿಂಗಳಾಗಿದ್ದರೂ ಹೊಸ ಹಾಡು ಬಂತೆಂದರೆ ಅದು ಕಮ್‌ಬ್ಯಾಕ್. ಆದರೆ ನಿಜವಾದ ದೀರ್ಘ ಮೌನದ ನಂತರ ಮರಳುವುದು ಬೇರೆಯೇ. ಬಿಗ್‌ಬ್ಯಾಂಗ್ ತಂಡ ನಾಲ್ಕು ವರ್ಷ ಸುಮ್ಮನಿದ್ದು, 2022ರ ಏಪ್ರಿಲ್‌ನಲ್ಲಿ 'ಸ್ಟಿಲ್ ಲೈಫ್' ಎಂಬ ಒಂದೇ ಒಂದು ಹಾಡಿನೊಂದಿಗೆ ಬಂತು. ಅದೇ ವರ್ಷ ಜೂನ್‌ನಲ್ಲಿ ಬಿಟಿಎಸ್ ವಿರಾಮ ಘೋಷಿಸಿತು. ಅದರ ಏಳು ಮಂದಿಯೂ ಕಡ್ಡಾಯ ಸೇವೆ ಮುಗಿಸಿದಾಗ 2025ರ ಜೂನ್ ಆಗಿತ್ತು. ಮಂಗಳೂರಿನ ಕಾಲೇಜು ಮಕ್ಕಳೂ ಆ ದಿನಗಳನ್ನು ಎಣಿಸುತ್ತಿದ್ದುದನ್ನು ನಾನು ಕಂಡಿದ್ದೇನೆ.

ಅವರ ಕಾಯುವಿಕೆಗೆ ಒಂದು ಭದ್ರತೆಯಿತ್ತು. ವಿರಾಮ ಎಂದು ಹೇಳಲು ಕಂಪೆನಿಯಿತ್ತು, ಮರಳುತ್ತೇವೆ ಎನ್ನಲು ಹಾಡುಗಾರರಿದ್ದರು, ಕೋಟಿಗಟ್ಟಲೆ ಜನ ಆಡುವ ಭಾಷೆಯಿತ್ತು. ಇದನ್ನು ಯೋಚಿಸುವಾಗೆಲ್ಲ ನನ್ನ ಮನಸ್ಸು ನಮ್ಮೂರಿನದೇ ಒಂದು ಮೌನದ ಕಡೆಗೆ ಹೊರಳುತ್ತದೆ. ತುಳು ಸಿನಿಮಾ ಸುಮ್ಮನಾದಾಗ ಅದನ್ನು ವಿರಾಮ ಎಂದು ಯಾರೂ ಘೋಷಿಸಲಿಲ್ಲ. ಘೋಷಿಸದ ವಿರಾಮಕ್ಕೂ ಸಾವಿಗೂ ಹೊರಗಿನಿಂದ ನೋಡುವವರಿಗೆ ವ್ಯತ್ಯಾಸ ಕಾಣುವುದಿಲ್ಲ.

ಆರಂಭ ಮಾತ್ರ ಗಟ್ಟಿಯಾಗಿಯೇ ಇತ್ತು. 1971ರಲ್ಲಿ ಎಸ್. ಆರ್. ರಾಜನ್ ನಿರ್ದೇಶನದ 'ಎನ್ನ ತಂಗಡಿ' ಬಂತು. ಇದೇ ಮೊದಲ ತುಳು ಚಿತ್ರ. ಎಪ್ಪತ್ತರ ದಶಕದುದ್ದಕ್ಕೂ ಒಂದರ ಹಿಂದೆ ಒಂದು ಚಿತ್ರಗಳು ಬಂದವು. 1973ರಲ್ಲಿ ಕಾದಂಬರಿಕಾರ ವಿಶುಕುಮಾರ್ ಪಾಡ್ದನದ ಅವಳಿ ವೀರರನ್ನು 'ಕೋಟಿ ಚೆನ್ನಯ'ದ ಮೂಲಕ ತೆರೆಗೆ ತಂದರು. 1976ರ ಡಿಸೆಂಬರ್‌ನಲ್ಲಿ ಆಕಾಶವಾಣಿ ಮಂಗಳೂರು ಕೇಂದ್ರ ಶುರುವಾದ ಮೇಲೆ ತುಳು ಹಾಡಿಗೆ ದಿನನಿತ್ಯದ ಒಂದು ಮನೆ ಸಿಕ್ಕಿತು. ಚಿತ್ರಮಂದಿರದ ಮುಖವನ್ನೇ ನೋಡದವರೂ ಸಿನಿಮಾದ ಹಾಡನ್ನು ಗುನುಗುವಂತಾಯಿತು.

ಎಂಬತ್ತರ ದಶಕದಿಂದ ಈ ಹರಿವು ತೆಳುವಾಯಿತು. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. 2011ರ ಜನಗಣತಿಯಲ್ಲೂ ತುಳುವನ್ನು ಮಾತೃಭಾಷೆ ಎಂದು ಬರೆಸಿದವರು 18.46 ಲಕ್ಷ ಮಾತ್ರ. ಅವಿಭಜಿತ ದಕ್ಷಿಣ ಕನ್ನಡ, ಕಾಸರಗೋಡು, ಮುಂಬಯಿಯ ತುಳುವರು: ಮಾರುಕಟ್ಟೆ ಎಂದರೆ ಇಷ್ಟೇ. ಒಂದು ಚಿತ್ರ ಸೋತರೆ ನಿರ್ಮಾಪಕ ಎರಡನೆಯದಕ್ಕೆ ಕೈಹಾಕುತ್ತಿರಲಿಲ್ಲ. ನಡುವೆ ರಿಚರ್ಡ್ ಕ್ಯಾಸ್ಟಲಿನೊ ಅವರ 'ಬಂಗಾರ್ ಪಟ್ಲೇರ್' 1993ರ ಸಾಲಿನ ರಾಷ್ಟ್ರಪ್ರಶಸ್ತಿ ಪಡೆಯಿತು. ಆಮೇಲೆ ಹನ್ನೆರಡು ವರ್ಷ ಆ ಪಟ್ಟಿಯಲ್ಲಿ ತುಳುವಿನ ಹೆಸರೇ ಇಲ್ಲ.

ಹಾಗಾದರೆ ಆ ವರ್ಷಗಳಲ್ಲಿ ತುಳುವರು ಏನು ನೋಡುತ್ತಿದ್ದರು? ನಾಟಕ ನೋಡುತ್ತಿದ್ದರು. ಚರಿತ್ರೆಯನ್ನು ಚಿತ್ರಗಳ ಪಟ್ಟಿಯಿಂದಷ್ಟೇ ಬರೆದರೆ ಈ ಭಾಗ ಪೂರ್ತಿ ತಪ್ಪಿಹೋಗುತ್ತದೆ. ಮಳೆ ನಿಂತ ಮೇಲೆ ಮತ್ತೆ ಮಳೆ ಬರುವವರೆಗೆ ಮಂಗಳೂರಿನ ನಾಟಕ ತಂಡಗಳಿಗೆ ಬಿಡುವಿರಲಿಲ್ಲ. ಜಾತ್ರೆ, ಬ್ರಹ್ಮಕಲಶ, ಭಜನಾ ಮಂದಿರದ ವಾರ್ಷಿಕೋತ್ಸವ, ಯುವಕ ಮಂಡಲದ ಕಾರ್ಯಕ್ರಮ, ಎಲ್ಲದರ ಕೊನೆಗೆ ಒಂದು ತುಳು ನಾಟಕ. ಸಂಭಾವನೆ ಕೊಡುವವರು ಸಂಘಟಕರು. ಜನ ಚಾಪೆ ಹಾಸಿ ಕೂತು ಪುಕ್ಕಟೆ ನೋಡುತ್ತಿದ್ದರು. ದೇವದಾಸ್ ಕಾಪಿಕಾಡ್, ವಿಜಯಕುಮಾರ್ ಕೊಡಿಯಾಲ್‌ಬೈಲ್ ಅವರಂಥವರು ಬರೆದು ಆಡಿಸಿದರು. ನವೀನ್ ಡಿ. ಪಡೀಲ್, ಭೋಜರಾಜ ವಾಮಂಜೂರು, ಅರವಿಂದ ಬೋಳಾರ್ ಇವರೆಲ್ಲ ಊರೂರಿನ ಮೈದಾನಗಳಲ್ಲಿ ಪಳಗಿದವರು. ಯಾವ ಮಾತಿಗೆ ಬಂಟ್ವಾಳ ನಗುತ್ತದೆ, ಅದೇ ಮಾತಿಗೆ ಕಾಪು ಯಾಕೆ ನಗುವುದಿಲ್ಲ ಎಂಬುದು ಅವರಿಗೆ ರಾತ್ರಿ ರಾತ್ರಿಯೂ ಗೊತ್ತಾಗುತ್ತಿತ್ತು.

ಇದೇ ಅವಧಿಯಲ್ಲಿ, 1988ರಿಂದ 1997ರವರೆಗೆ, ಉಡುಪಿಯಲ್ಲಿ ಯು. ಪಿ. ಉಪಾಧ್ಯಾಯರ ಸಂಪಾದಕತ್ವದ ತುಳು ನಿಘಂಟು ಆರು ಸಂಪುಟಗಳಲ್ಲಿ ಹೊರಬಂತು. ರಂಗದ ಮೇಲೆ ನಗೆಯ ಮಾತು, ಮೇಜಿನ ಮೇಲೆ ಪದಗಳ ಲೆಕ್ಕ. ಭಾಷೆ ಕೆಲಸ ಮಾಡುತ್ತಲೇ ಇತ್ತು, ಕ್ಯಾಮೆರಾ ಒಂದು ಅದರ ಕಡೆ ತಿರುಗಿರಲಿಲ್ಲ.

ಮರಳುವಿಕೆ ಎರಡು ಹಂತಗಳಲ್ಲಿ ಬಂತು. ಮೊದಲನೆಯದು 2006. ಆ ವರ್ಷ 'ಸುದ್ದ' ದೆಹಲಿಯ ಓಸಿಯಾನ್ ಸಿನೆಫ್ಯಾನ್ ಉತ್ಸವದಲ್ಲಿ ಅತ್ಯುತ್ತಮ ಭಾರತೀಯ ಚಿತ್ರವೆನಿಸಿತು. ಆನಂದ್ ಪಿ. ರಾಜು ಅವರ 'ಕೋಟಿ ಚೆನ್ನಯ' ಅದೇ ಸಾಲಿನ ರಾಷ್ಟ್ರಪ್ರಶಸ್ತಿ ಪಡೆಯಿತು. ವಿಶುಕುಮಾರರ ಚಿತ್ರ ಬಂದು 33 ವರ್ಷಗಳ ಮೇಲೆ ಅದೇ ಅವಳಿ ವೀರರು ಮತ್ತೆ ತೆರೆಗೆ ಬಂದರು ಎಂಬುದು ನನಗೆ ಬರೀ ಕಾಕತಾಳೀಯ ಅನಿಸುವುದಿಲ್ಲ. ಬಹುಕಾಲದ ನಂತರ ಬಾಯಿ ತೆರೆಯುವವರು ಮೊದಲು ಎಲ್ಲರಿಗೂ ಗೊತ್ತಿರುವ ಹಾಡನ್ನೇ ಎತ್ತಿಕೊಳ್ಳುತ್ತಾರೆ.

ಎರಡನೆಯದು 2011ರ 'ಒರಿಯರ್ದೊರಿ ಅಸಲ್'. ಕೊಡಿಯಾಲ್‌ಬೈಲ್ ಅವರ ಜನಪ್ರಿಯ ನಾಟಕವನ್ನೇ ಎಚ್. ಎಸ್. ರಾಜಶೇಖರ್ ನಿರ್ದೇಶನದಲ್ಲಿ ಚಿತ್ರ ಮಾಡಿದ್ದರು. ಕತೆ ಜನರಿಗೆ ಗೊತ್ತಿತ್ತು, ನಟರು ಗೊತ್ತಿದ್ದರು, ಎಲ್ಲಿ ನಗಬೇಕೆಂಬುದೂ ಗೊತ್ತಿತ್ತು. ಮೈದಾನದಲ್ಲಿ ಪುಕ್ಕಟೆ ನೋಡುತ್ತಿದ್ದ ಜನ ಈಗ ದುಡ್ಡು ಕೊಟ್ಟು ಟಿಕೆಟ್ ಕೊಂಡರು. ತುಳು ಸಿನಿಮಾದ ಚರಿತ್ರೆಯಲ್ಲಿ ನಿಜವಾದ ತಿರುವು ಇದು ಎಂದು ನಾನು ತಿಳಿಯುತ್ತೇನೆ. ರಂಗಭೂಮಿ ಎರಡು ದಶಕ ಸಾಕಿ ಸಲಹಿದ ಪ್ರೇಕ್ಷಕವರ್ಗವನ್ನು ಸಿನಿಮಾ ಒಂದೇ ದಿನದಲ್ಲಿ ಪಡೆದುಕೊಂಡಿತು.

ಆಮೇಲಿನ ಅಂಕಿಗಳೇ ಉಳಿದ ಕತೆ ಹೇಳುತ್ತವೆ. ಐವತ್ತನೆಯ ತುಳು ಚಿತ್ರ 'ಬ್ರಹ್ಮಶ್ರೀ ನಾರಾಯಣ ಗುರುಸ್ವಾಮಿ' ತೆರೆ ಕಂಡದ್ದು 2014ರ ಮೇ ತಿಂಗಳಲ್ಲಿ; ನೂರನೆಯ 'ಕರ್ಣೆ' 2018ರ ನವೆಂಬರ್‌ನಲ್ಲಿ. ಮೊದಲ ಐವತ್ತಕ್ಕೆ 43 ವರ್ಷ, ಮುಂದಿನ ಐವತ್ತಕ್ಕೆ ನಾಲ್ಕೂವರೆ ವರ್ಷ! 2014ರ 'ಚಾಲಿ ಪೋಲಿಲು' ಮಂಗಳೂರಿನಲ್ಲಿ 400ಕ್ಕೂ ಹೆಚ್ಚು ದಿನ ಓಡಿತು.

ಈ ಲೆಕ್ಕ ನೋಡಿ ಹಿಗ್ಗುವುದು ಸುಲಭ. ನನಗೆ ಹಿಗ್ಗಿನ ಜೊತೆ ಅಳುಕೂ ಇದೆ. ಹತ್ತೊಂಬತ್ತು ಲಕ್ಷವೂ ಇಲ್ಲದ ಭಾಷಿಕರು ವರ್ಷಕ್ಕೆ ಹನ್ನೊಂದು ಚಿತ್ರಗಳನ್ನು ಹೊರಲಾರರು. ಗೆದ್ದ ಸೂತ್ರವನ್ನೇ ತಿರುತಿರುಗಿ ಹಿಡಿದಾಗ ಅದೇ ಹಾಸ್ಯಗಾರರು, ಅದೇ ಜಗಳ, ಅದೇ ಮದುವೆ ಮನೆ ಕಾಣತೊಡಗಿದವು. ಆದರೂ ಆ ಜಾತ್ರೆಯ ಗದ್ದಲದ ನಡುವೆಯೇ ಚೇತನ್ ಮುಂಡಾಡಿಯವರ 'ಮದಿಪು', ಮ್ಯಾಕ್‌ಬೆತ್‌ನ ಕತೆಯನ್ನು ಮೊಗವೀರರ ಕಡಲತಡಿಗೆ ತಂದ ಅಭಯ ಸಿಂಹರ 'ಪಡ್ಡಾಯಿ', ಪ್ರೀತಂ ಶೆಟ್ಟಿಯವರ 'ಪಿಂಗಾರ', ಸಂತೋಷ್ ಮಾಡ ಅವರ 'ಜೀಟಿಗೆ' ಬಂದವು, ನಾಲ್ಕೂ ರಾಷ್ಟ್ರಪ್ರಶಸ್ತಿ ಪಡೆದವು. ನಗಿಸುವ ಚಿತ್ರಗಳು ಮಂಗಳೂರಿನಲ್ಲಿ ಚಿತ್ರ ಮಾಡುವ ಅಭ್ಯಾಸವನ್ನೇ ಬೆಳೆಸದಿದ್ದರೆ ಇವು ಬರುತ್ತಿದ್ದವೇ ಎಂದು ಕೇಳಿಕೊಂಡರೆ, ಹಾಸ್ಯವನ್ನು ಹಗುರವಾಗಿ ತೆಗೆದುಹಾಕಲು ಮನಸ್ಸಾಗುವುದಿಲ್ಲ.

ತುಳು ಇನ್ನೂ ಸಂವಿಧಾನದ ಎಂಟನೇ ಪರಿಚ್ಛೇದ ಸೇರಿಲ್ಲ. ಇಂಥ ಭಾಷೆಗಳ ಸಿನಿಮಾಕ್ಕೆ ಮೌನದ ಕಾಲ ಇನ್ನೊಮ್ಮೆ ಬಂದೇ ಬರುತ್ತದೆ. ಆಗ ತೆರೆ ಖಾಲಿಯಿದೆ ಎಂದು ಯಾರಾದರೂ ಮರಣವಾರ್ತೆ ಬರೆಯಲು ಹೊರಟರೆ, ಡಿಸೆಂಬರ್ ತಿಂಗಳ ಒಂದು ರಾತ್ರಿ ಊರಿನ ಶಾಲಾ ಮೈದಾನಕ್ಕೆ ಹೋಗಿ ಬನ್ನಿ ಎಂದು ನಾನು ಹೇಳುತ್ತೇನೆ. ಅಲ್ಲಿ ನಾಟಕ ನಡೆಯುತ್ತಿದ್ದರೆ, ಜನ ನಗುತ್ತಿದ್ದರೆ, ಕಾಯಬಹುದು. ಅಲ್ಲಿಯೂ ಸದ್ದಿಲ್ಲದಿದ್ದರೆ ಮಾತ್ರ ಹೆದರಬೇಕು.